ಹಾವಗೆಪ್ಪನಿಗೊಂದು ಶೌಕು ಬೇಕಾಗಿದೆ

ಒಲೆಯ ಮೇಲೆ ಬೇಳೆ ಕುದಿಯುವಾಗ ಮುಚ್ಚಳ ತೆಗೆದು ನೋಡುವ ಗಂಡಸರಲ್ಲಿ ಮೂರು ಬಗೆ. ಹಸಿದವರು, ಅನುಮಾನದವರು, ಮಾಡಲು ಬೇರೇನೂ ಇಲ್ಲದವರು. ಮೊದಲನೆಯವನಿಗೆ ರೊಟ್ಟಿ ಕೊಟ್ಟು ಕಳಿಸಬಹುದು. ಎರಡನೆಯವನಿಗೆ ಬೈಗುಳ ಕೊಟ್ಟು ಕಳಿಸಬಹುದು. ಮೂರನೆಯವನನ್ನು ಶಿವಕಾಂತಾ ಮದುವೆಯಾಗಿದ್ದಳು.

ಅವನ ಹೆಸರು ಹಾವಗೆಪ್ಪ. ವಯಸ್ಸು ಇಪ್ಪತ್ತಮೂರು. ಬೀದರಿನ ಒಬ್ಬ ವಕೀಲರ ಹತ್ತಿರ ಗುಮಾಸ್ತ. ವಕೀಲರು ಮಧ್ಯಾಹ್ನ ಎರಡಕ್ಕೆ ಉಂಡು ಮಲಗಿದರೆ ದೀಪ ಹಚ್ಚುವ ಹೊತ್ತಿಗೇ ಏಳುವವರು. ಹೀಗಾಗಿ ಎರಡೂಕಾಲಿಗೆ ಹಾವಗೆಪ್ಪ ಮನೆಯಲ್ಲಿ. ಬೀಡಿ ಇಲ್ಲ, ಇಸ್ಪೀಟು ಇಲ್ಲ, ಎಲೆ ಅಡಿಕೆ ಸಹ ಇಲ್ಲ. ಮದುವೆಗೆ ಮುಂಚೆ ಶಿವಕಾಂತಾಳ ತವರು ಔರಾದದ ಹಿರಿಯರೆಲ್ಲ ಇಂಥ ಅಳಿಯ ಸಿಗಲು ಪುಣ್ಯ ಮಾಡಿರಬೇಕು ಎಂದಿದ್ದರು. ಹಾಗೆಂದವರಲ್ಲಿ ಒಬ್ಬರೂ ಅವನ ಜೊತೆ ಒಂದು ಮಧ್ಯಾಹ್ನ ಕಳೆದವರಲ್ಲ.

"ರೊಟ್ಟಿ ಎಡಗಡಿ ಜರಾ ದಪ್ಪ ಆಯ್ತು ನೋಡು."

"ಹೌದರಿ."

"ಕೊಡಕ್ಕ ಹಗ್ಗ ಹೀಂಗ ಕಟ್ಟಬಾರದು. ಗಂಟು ಒಳಮುಖ ಇರಬೇಕು."

"ಹೌದರಿ."

"ಕಸ ಹೊಡೆಯೋದು ಮೂಲಿಯಿಂದ ಶುರು ಮಾಡಬೇಕು. ನೀ ನಡುಮನಿಯಿಂದ ಶುರು ಮಾಡಿದಿ."

ಇದು ಜಗಳವಾಗಿದ್ದರೆ ಶಿವಕಾಂತಾ ಗೆದ್ದುಬಿಡುತ್ತಿದ್ದಳು. ಆದರೆ ಹಾವಗೆಪ್ಪನಲ್ಲಿ ಸಿಟ್ಟೇ ಇರಲಿಲ್ಲ. ಪ್ರೀತಿಯಿಂದಲೇ ಹೇಳುತ್ತಿದ್ದ, ದಿನಕ್ಕೆ ನಲವತ್ತು ಸಲ. ಮಲಗಿದ್ದ ತಾಯಿ ಕಸ್ತೂರಿಬಾಯಿಯವರನ್ನೂ ಒಮ್ಮೆ ಎಬ್ಬಿಸಿ, ತಲೆ ಉತ್ತರಕ್ಕೆ ಜರಗಿದೆ, ಸರಿಯಾಗಿ ಮಲಗಿರಿ ಎಂದಿದ್ದ.

ಶಿವಕಾಂತಾಳಿಗೆ ಇಡೀ ದಿನದಲ್ಲಿ ತನ್ನದೆಂಬುದು ಒಂದೇ ಹೊತ್ತು. ಅತ್ತೆ ಮಲಗಿದ ಮೇಲೆ, ಮಧ್ಯಾಹ್ನದ ರೊಟ್ಟಿಗೂ ಸಂಜೆಯ ಒಲೆಗೂ ನಡುವೆ, ಹಿತ್ತಿಲ ಬಾಗಿಲ ಬೆಳಕಿನಲ್ಲಿ ಅವಳು ಕೌದಿ ಹರಡಿಕೊಂಡು ಕೂಡುತ್ತಿದ್ದಳು. ಹಳೆಯ ಸೀರೆ, ಧೋತರಗಳ ಪದರು ಹಾಕಿ ಹೊಲಿಯುವ ಕೌದಿ ಯಾರ ಮನೆಯಲ್ಲಿಲ್ಲ? ಆದರೆ ಇವಳದು ಹೊದೆಯಲೆಂದು ಹೊಲಿದದ್ದಲ್ಲ. ಒಂದು ಚೂರಿನಂತೆ ಇನ್ನೊಂದಿರಬಾರದು ಎಂಬ ಹಟದಿಂದ ಮೂರು ವರ್ಷದಿಂದ ಹೊಲಿಯುತ್ತಿದ್ದಳು. ಬೆರಳು ನಡೆಯುತ್ತಿದ್ದರೆ ತಲೆ ತಣ್ಣಗಾಗುತ್ತಿತ್ತು. ಆ ಹೊತ್ತಿಗೆ ಸರಿಯಾಗಿ, ಎರಡೂಕಾಲಿಗೆ, ಮುಂಬಾಗಿಲ ಚಿಲಕ ಸದ್ದು ಮಾಡುತ್ತಿತ್ತು.

ಬೇಸಿಗೆಯ ಒಂದು ದಿನ ಅವಳು ನೀರಿಗೆ ಹೋಗಿ ಬರುವಷ್ಟರಲ್ಲಿ ಹಾವಗೆಪ್ಪ ಕೌದಿಯ ಮುಂದೆ ಕತ್ತರಿ ಹಿಡಿದು ಕೂತಿದ್ದ. ಒಂದು ಮೂಲೆ, ಒಂದೂವರೆ ಗೇಣು, ಮೂರು ವಾರದ ಹೊಲಿಗೆ, ದಾರ ದಾರವಾಗಿ ಬಿಚ್ಚಿಕೊಂಡು ಬಿದ್ದಿತ್ತು.

"ಕೆಂಪಿನ ಮಗ್ಗಲಕ್ಕ ನೀಲಿ ಬಂದಿತ್ತು. ಒಂದು ಲೈನ್ ಅನ್ನೋದು ಇರಲಿಲ್ಲ. ಬಿಚ್ಚಿಟ್ಟೀನಿ. ಈಗ ಸರಿಯಾಗಿ ಹೊಲಿ."

ಶಿವಕಾಂತಾ ಕೊಡ ಇಳಿಸಿದಳು. ಹಿತ್ತಿಲ ಗೋಡೆಯಲ್ಲಿದ್ದ ಸಣ್ಣ ಬಾಗಿಲು ದಾಟಿ ಪಕ್ಕದ ಮನೆಗೆ ಹೋದಳು.

ಪಕ್ಕದ ಮನೆ ಬಿದ್ರಿ ಕಸಬುದಾರ ಅಬ್ದುಲ ವಾಹೀದರದು. ಅವರ ಹೆಂಡತಿ ಮಹಮೂದಾ ಬೇಗಂ. ನಿಜಾಮನ ರಾಜ್ಯದ ಮೇಲೆ ಪೊಲೀಸ್ ಕಾರ್ಯಾಚರಣೆಯಾಗಿ ಮುಸಲ್ಮಾನರ ಮನೆಗಳ ಮೇಲೆ ದಾಳಿ ನಡೆದ ಆ ಸೆಪ್ಟೆಂಬರಿನಲ್ಲಿ ಅವರ ಮನೆಯವರೆಲ್ಲ ಒಂಬತ್ತು ದಿನ ಕಸ್ತೂರಿಬಾಯಿಯವರ ಜೋಳದ ಕೋಣೆಯಲ್ಲಿ ಅಡಗಿದ್ದರು. ಅದರ ಮಾತನ್ನು ಎರಡೂ ಮನೆಯವರು ಆಡುವುದಿಲ್ಲ. ಆದರೆ ಗೋಡೆಯ ಆ ಬಾಗಿಲಿಗೆ ಅಂದಿನಿಂದ ಅಗಳಿ ಇಲ್ಲ.

"ಶ್ರಾವಣ ಮುಗಿಯೋದ್ರೊಳಗ," ಎಂದಳು ಶಿವಕಾಂತಾ, "ಅವರು ನನ್ನ ಹೊತ್ತು ಬಿಟ್ಟು ಹೊರಗ ಹೋಗಬೇಕು. ಇಲ್ಲಂದ್ರ ನಾನು ಮುಂಜಾನಿ ಎಂಟರ ಔರಾದ ಬಸ್ಸಿಗೆ ಹೋಗ್ತೇನಿ. ತಿರುಗಿ ಬರೋದಿಲ್ಲ."

ಮಹಮೂದಾ ಬೇಗಂ ಅಡಿಕೆ ಕತ್ತರಿಸುತ್ತಲೇ ರೋಗ ಹೇಳಿಬಿಟ್ಟರು. "ನಿನ್ನ ಗಂಡಗ ಶೌಕ್ ಇಲ್ಲ ಬೇಟಿ. ಜವಾನಿಯಾಗ ಗಂಡಸಿಗೆ ಒಂದು ಶೌಕ್, ಒಂದು ಹುಚ್ಚು ಇರಬೇಕು. ಶೌಕ್ ಇಲ್ಲದ ಗಂಡಸು ಗೂಟ ಇಲ್ಲದ ಎತ್ತು. ಇಡೀ ಮನಿ ಮೇಯ್ತದ."

ಹೀಗೆ ಹಾವಗೆಪ್ಪನಿಗೆ ಶೌಕು ಹುಡುಕುವ ದಂಡಯಾತ್ರೆ ಆರಂಭವಾಯಿತು. ಬಹಮನಿ ಸುಲ್ತಾನರು ವಿಜಯನಗರದ ಮೇಲೆ ಹೋದಾಗಲೂ ಇಷ್ಟು ಸಮಾಲೋಚನೆ ನಡೆದಿರಲಿಕ್ಕಿಲ್ಲ.

ಮೊದಲ ಯುದ್ಧ ಪತಂಗದ್ದು. ಮಳೆಗೆ ಮುಂಚಿನ ಗಾಳಿಯಲ್ಲಿ ನೌಬಾದದ ಬಯಲಲ್ಲಿ ಪತಂಗ ಹಾರಿಸುವ ಯುವಕರ ದೊಡ್ಡ ಗುಂಪೇ ಸೇರುತ್ತಿತ್ತು. ಹಾವಗೆಪ್ಪ ಹೋದ. ದಾರ ಮುಟ್ಟಲಿಲ್ಲ. ಹಿಂದೆ ನಿಂತು ಒಬ್ಬೊಬ್ಬರಿಗೂ ಮೊಣಕೈ ಎಷ್ಟು ಮಡಿಚಬೇಕೆಂದು ಹೇಳಿದ. ನಾಲ್ಕನೆಯ ದಿನ ಹೋದಾಗ ಬಯಲಲ್ಲಿ ಒಂದು ಕತ್ತೆ ಮಾತ್ರ ಇತ್ತು. ಗುಂಪು ಜಾಗ ಬದಲಿಸಿತ್ತು, ಅವನಿಗೆ ತಿಳಿಸಿರಲಿಲ್ಲ.

ಎರಡನೆಯದು ಭಜನೆ. ಮಠದಲ್ಲಿ ಐವತ್ತು ವರ್ಷದಿಂದ ತಾಳ ಬಾರಿಸುತ್ತಿದ್ದ ಮುದುಕರೊಬ್ಬರಿಗೆ ಅವನು ತಾಳ ತಿದ್ದಿದ. ಅವರು ದೊಡ್ಡ ಮನಸ್ಸಿನವರು. ಹೊರಗೆ ಚಪ್ಪಲಿ ಕಾಯುವ ಸೇವೆ ದೊಡ್ಡ ಸೇವೆ ಎಂದು ಹೇಳಿ ಅವನನ್ನು ಬಾಗಿಲಾಚೆ ಕಳಿಸಿದರು. ಅವನು ಚಪ್ಪಲಿಗಳನ್ನೆಲ್ಲ ಅಳತೆಯ ಪ್ರಕಾರ ಸಾಲಾಗಿ ಜೋಡಿಸಿದ. ಅಂದು ಅರ್ಧ ಊರು ಇನ್ನರ್ಧ ಊರಿನ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋಯಿತು.

ಮೂರನೆಯದು ಮಲ್ಲಿಗೆ ಬಳ್ಳಿ. ದಿನಾ ದರ್ಜಿಯ ಟೇಪಿನಿಂದ ಅಳೆದ. ಬಳ್ಳಿ ನಾಚಿಕೆಯಿಂದ ಸತ್ತಿತು.

"ಸಣ್ಣವರಿದ್ದಾಗ ಇವರು ಏನೂ ಆಡಲೇ ಇಲ್ಲೇನ್ರಿ ಅತ್ತಿ?" ಎಂದು ಶಿವಕಾಂತಾ ಸೋತು ಕೇಳಿದಳು.

"ಆಡ್ತಿದ್ದ. ಚಿಣಿದಾಂಡು ಆಡ್ತಿದ್ದ, ಈಜ್ತಿದ್ದ. ಆಮ್ಯಾಲ ಭಾಲ್ಕಿಗೆ ಕಳಿಸಿದ್ವಿ. ಅವನ ಸೋದರತ್ತಿ ಮನಿ ಅಟ್ಟಕ್ಕ." ಕಸ್ತೂರಿಬಾಯಿ ಸೊಸೆಯ ಜೊತೆ ಜೋಳ ಹಸನು ಮಾಡುತ್ತ ಹೇಳಿದರು. ನಿಜಾಮನ ಪರದ ರಜಾಕಾರರು ಊರೂರು ಸುಲಿದ ಆ ವರ್ಷ ವಯಸ್ಸಿಗೆ ಬಂದ ಹುಡುಗರನ್ನು ಮನೆಯವರು ಎಲ್ಲಿ ಬೇಕಲ್ಲಿ ಬಚ್ಚಿಡುತ್ತಿದ್ದರು. ಹಾವಗೆಪ್ಪ ಹನ್ನೊಂದು ತಿಂಗಳು ಆ ಅಟ್ಟದ ಮೇಲೆ ಇದ್ದ. ಅಲ್ಲಿ ಇದ್ದದ್ದು ಎರಡು ಚೀಲ ಹತ್ತಿಕಾಳು, ಹಲಗೆಯಲ್ಲಿ ನಾಲ್ಕಾಣೆಯಷ್ಟು ದೊಡ್ಡ ತೂತು. ತೂತಿನಿಂದ ಕೆಳಗಿನ ಅಡುಗೆಮನೆ ಕಾಣುತ್ತಿತ್ತು. ಹನ್ನೊಂದು ತಿಂಗಳು ಅವನು ಕೆಳಗಿನವರ ತಪ್ಪುಗಳನ್ನೆಲ್ಲ ಕಂಡ. ಬಾಯಿ ಬಿಡುವಂತಿರಲಿಲ್ಲ. ಕೆಳಗಿಳಿದ ಮೇಲೆ ಬಿಟ್ಟ.

ಶಿವಕಾಂತಾಳ ಕೈ ಜೋಳದಲ್ಲೇ ನಿಂತಿತು. ಅದೇ ವರ್ಷ ಔರಾದದಲ್ಲಿ ಅಗಳಿ ಹಾಕಿದ ಬಾಗಿಲ ಹಿಂದೆ ಅವಳೂ ಇದ್ದಳು. ಹೊರಗೆ ಕುದುರೆಯ ಸದ್ದಾದರೆ ನಡುಗುತ್ತಿದ್ದವಳ ಕೈಗೆ ಅಜ್ಜಿ ಶೇವಂತಾಬಾಯಿ ಸೂಜಿ ಕೊಟ್ಟು, "ಕೈ ಖಾಲಿ ಇದ್ರ ಕಿವಿ ಉದ್ದ ಆಗ್ತಾವ, ಹೊಲಿ," ಎಂದಿದ್ದಳು. ಅದೇ ಒಂದು ವರ್ಷ ಅವಳಿಗೆ ಸೂಜಿ ಕೊಟ್ಟಿತ್ತು, ಅವನಿಗೆ ತೂತು ಕೊಟ್ಟಿತ್ತು.

ಆ ಸಂಜೆ ಅವಳಿಗೆ ಗಂಡನ ಮೇಲೆ ಬಹಳ ಕನಿಕರ ಬಂತು. ಅವನು ಬಂದು ಬೇಳೆಯ ಮುಚ್ಚಳ ತೆಗೆಯುವವರೆಗೂ ಇತ್ತು.

ಆಷಾಢದಲ್ಲಿ ಅಬ್ದುಲ ವಾಹೀದರ ಮೊಣಕಾಲು ಹಿಡಿದುಕೊಂಡಿತು. ಬಿದ್ರಿ ಸಾಮಾನಿಗೆ ಕೋಟೆಯ ಮಣ್ಣು ಬೇಕು. ಅದೂ ಎಲ್ಲಿಯದೋ ಅಲ್ಲ. ಬಿಸಿಲು ಮಳೆ ಮುಟ್ಟದ ಹಳೆಯ ಕತ್ತಲೆ ಮೂಲೆಗಳದು. ಆ ಮಣ್ಣನ್ನು ನವಸಾಗರದ ಉಪ್ಪಿನ ಜೊತೆ ಕುದಿಸಿ ಸಾಮಾನು ಅದ್ದಿದರೆ ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿಯ ಕೆತ್ತನೆ ಮಾತ್ರ ಬೆಳ್ಳಗೆ ಉಳಿಯುತ್ತದೆ. ಮಣ್ಣು ಸರಿಯಾದದ್ದೋ ಅಲ್ಲವೋ ಎಂದು ತಿಳಿಯಲು ಕಸಬುದಾರ ಅದನ್ನು ನಾಲಿಗೆಯ ಮೇಲೆ ಇಟ್ಟು ನೋಡುತ್ತಾನೆ. ಚೀಲ ಹೊರಲು ಒಬ್ಬರು ಬೇಕಿತ್ತು. ಮಹಮೂದಾ ಬೇಗಂ ಗೋಡೆಯ ಬಾಗಿಲಿನಿಂದ ಇಣುಕಿದರು. ಶಿವಕಾಂತಾ ಗಂಡನ ಕೈಗೆ ಚೀಲ ಕೊಟ್ಟೇಬಿಟ್ಟಳು.

ಮುಂದಿನದನ್ನು ಅವಳು ಹಿತ್ತಿಲಿನಿಂದಲೇ ಕಂಡಳು. ಕೋಟೆಯಿಂದ ಬಂದ ಹಾವಗೆಪ್ಪ ವಾಹೀದರಿಗೆ ಹೇಳುತ್ತಿದ್ದ: "ಚಚ್ಚಾ, ನೀವು ತಪ್ಪು ಮೂಲ್ಯಾಗ ಅಗೆದೀರಿ. ನಾ ತಂದದ್ದು ನೋಡ್ರಿ, ಇದು ಖರೇ ಮಣ್ಣು."

ವಾಹೀದರು ವಾದಿಸಲಿಲ್ಲ. ಅವನ ಮಣ್ಣನ್ನೂ ಕುದಿಸಿ ಒಂದು ಲೋಹದ ತುಂಡು ಅದ್ದಿ ತೆಗೆದರು. ತುಂಡು ಒಲೆಯ ಬೂದಿಯ ಬಣ್ಣಕ್ಕೆ ಬಂತು.

"ಮತ್ತ ನೆಕ್ಕಿ ನೋಡ್ರಿ," ಎಂದರು.

ಮರುದಿನ ಬೇರೆ ಮಣ್ಣು. ಮತ್ತೆ ಬೂದಿ. ಅದರ ಮರುದಿನ ಮಸಿಬಟ್ಟೆಯ ಬಣ್ಣ. ಜೀವನದಲ್ಲಿ ಮೊದಲ ಸಲ ಹಾವಗೆಪ್ಪನಿಗೆ ತಾನು ತಪ್ಪು ಹುಡುಕಲಾಗದ, ತನ್ನದೇ ತಪ್ಪನ್ನು ದಿನಾ ಹುಡುಕಿ ಕೈಗೆ ಕೊಡುವ ವಸ್ತು ಸಿಕ್ಕಿತು. ಅವನು ಅದಕ್ಕೆ ಮರುಳಾದ.

ಎರಡೂಕಾಲಿಗೆ ಚಿಲಕ ಸದ್ದಾಗುತ್ತಿತ್ತು, ಆದರೆ ಈಗ ಅವನು ಒಂದು ಸಣ್ಣ ಕುಡಿಕೆ ಎತ್ತಿಕೊಂಡು ಚಿಟಿಕೆ ನೆಕ್ಕಿ, ಕಣ್ಣು ಮುಚ್ಚಿ, ಏನೋ ಲೆಕ್ಕ ಹಾಕಿ ಕೋಟೆಗೆ ಹೊರಟುಬಿಡುತ್ತಿದ್ದ. ಶ್ರಾವಣದ ಹೊತ್ತಿಗೆ ಅಡುಗೆಮನೆಯ ಗೋಡೆಯ ಉದ್ದನೆಯ ಮಾಡದಲ್ಲಿ ಐವತ್ತೆರಡು ಕುಡಿಕೆಗಳು. ಪ್ರತಿಯೊಂದಕ್ಕೂ ಉರ್ದುವಿನಲ್ಲಿ ಚೀಟಿ: ಬುರುಜಿನ ಕೆಳಗೆ, ಎಡಕ್ಕೆ, ಒಗರು; ಕುಸಿದ ಗೋಡೆಯ ಹಿಂದೆ, ಉಪ್ಪು; ಸುಳ್ಳು ಉಪ್ಪು. ಮುಂದೊಂದು ಕಾಲಕ್ಕೆ ಕಸಬುದಾರರೇ ಅವನ ನಾಲಿಗೆಯನ್ನು ಕೇಳಿಕೊಂಡು ಬರುವಂತಾಯಿತು. ಆದರೆ ಈ ಶ್ರಾವಣದಲ್ಲಿ ಅವನಿನ್ನೂ ಬೂದಿಯ ಕಾಲದಲ್ಲಿದ್ದ. ಮನೆಯಲ್ಲಿ ಹೆಜ್ಜೆ ಇಟ್ಟಲ್ಲೆಲ್ಲ ಮಣ್ಣು. ಗುಡಿಸಿ ಗುಡಿಸಿ ಶಿವಕಾಂತಾಳ ಸೊಂಟ ಬಿದ್ದುಹೋಗಿತ್ತು. ಆದರೂ ಅವಳ ಹೊತ್ತು ಅವಳಿಗೆ ತಿರುಗಿ ಬಂದಿತ್ತು. ಬಿಚ್ಚಿದ ಮೂಲೆಯನ್ನು ಮಾತ್ರ ಅವಳು ಹಾಗೆಯೇ ಬಿಟ್ಟಿದ್ದಳು. ಅಲ್ಲಿಗೆ ಯಾವ ಚೂರು ಎಂಬುದು ಇನ್ನೂ ಕೈಗೆ ಹೊಳೆದಿರಲಿಲ್ಲ.

ಈ ಸುಖದ ನಡುವೆ ಕಸ್ತೂರಿಬಾಯಿಗೆ ಮಾಡದಲ್ಲಿನ ಕುಡಿಕೆಗಳು ಕಂಡವು. ಮಗ ಕೋಟೆಗೆ ಹೋಗುವುದು ಅವರಿಗೆ ಗೊತ್ತಿತ್ತು, ನೆಕ್ಕುವುದು ಗೊತ್ತಿರಲಿಲ್ಲ. ಆ ಹೊತ್ತಿಗೆ ಅವರು ನಿದ್ದೆಯಲ್ಲಿರುತ್ತಿದ್ದರು. ಚೀಟಿ ಓದಲು ಬರುತ್ತಿರಲಿಲ್ಲ. ಸೊಸೆಯ ಅಡುಗೆಮನೆಯಲ್ಲಿ, ಸೊಸೆಯ ಕೈಗೆಟಕುವ ಮಾಡದಲ್ಲಿ ಮಣ್ಣು. ಅದರಲ್ಲಿ ಬೆರಳಿನ ಗುರುತು. ಮೇಲಾಗಿ ಸೊಸೆ ಸೊಂಟ ಹಿಡಿದುಕೊಂಡು ಏಳುತ್ತಾಳೆ. ಮಣ್ಣಿನ ಬಯಕೆ ಯಾರಿಗೆ ಆಗುತ್ತದೆಂಬುದು ಮೂರು ಹೆತ್ತವಳಿಗೆ ಹೇಳಿಕೊಡಬೇಕೆ?

ಅವರು ಯಾರನ್ನೂ ಕೇಳಲಿಲ್ಲ. ಕೇಳುವಂತೆಯೂ ಇರಲಿಲ್ಲ. ಮೂರನೆಯ ತಿಂಗಳಲ್ಲಿ ಮಾಡುವುದು ಕಳ್ಳ ಕುಬಸ. ದೃಷ್ಟಿಯಾಗದಿರಲೆಂದು ಬಾಯಿ ಬಿಡದೆ, ನೆರೆಯವರಿಗೆ ತಿಳಿಸದೆ, ಬಸುರಿಗೇ ಮುಂಚೆ ಹೇಳದೆ ಹಸಿರು ಸೀರೆ ಉಡಿಸಿ ಬಾಯಿ ಸಿಹಿ ಮಾಡಿಬಿಡುವ ಶಾಸ್ತ್ರ. ಕಸ್ತೂರಿಬಾಯಿ ಗುಟ್ಟಾಗಿ ಔರಾದಕ್ಕೆ ಒಂದು ಕಾರ್ಡು ಬರೆಸಿದರು.

ಶ್ರಾವಣದ ಕಡೆಯ ಸೋಮವಾರ ಶಿವಕಾಂತಾಳ ತಾಯಿ ಅನುಸೂಯಾಬಾಯಿ ಎರಡು ಬುಟ್ಟಿ ಕರ್ಚಿಕಾಯಿ, ಒಂದು ಗಡಿಗೆ ಜೋಳದ ಹುಳಿಬಾನ, ಹೊಸ ಹಸಿರು ಸೀರೆ ಹೊತ್ತುಕೊಂಡು ಬಂದಿಳಿದರು. ಏನು, ಯಾಕೆ ಎಂದು ಶಿವಕಾಂತಾ ಕೇಳುವಷ್ಟರಲ್ಲಿ ಅವಳನ್ನು ಮಣೆಯ ಮೇಲೆ ಕೂಡಿಸಿ ಕೆನ್ನೆಗೆ ಅರಿಸಿನ ಹಚ್ಚಿ, ಸೀರೆ ಉಡಿಯಲ್ಲಿಟ್ಟು, ಬಾಯಿಗೆ ಕರ್ಚಿಕಾಯಿ ತುರುಕಿದ್ದರು. ತುಂಬಿದ ಬಾಯಿಂದ ಇಲ್ಲ ಎನ್ನುವುದು ಕಷ್ಟ.

"ಯಾವ ಮಣ್ಣು ಭಾಳ ರುಚಿ ಅನಿಸ್ತದವ್ವಾ?" ಎಂದರು ತಾಯಿ ಮೆಲ್ಲಗೆ. "ನನಗ ನಿನ್ನ ಹೊತ್ತಾಗ ಕುಂಬಾರ ಮಣ್ಣೇ ಬೇಕಾಗ್ತಿತ್ತು."

ಆಗ ಎರಡೂಕಾಲು. ಹಾವಗೆಪ್ಪ ಬಂದ. ಅತ್ತೆಯನ್ನು ನೋಡಲಿಲ್ಲ, ಮಣೆ ನೋಡಲಿಲ್ಲ. ನೇರ ಮಾಡಕ್ಕೆ ಹೋಗಿ ಒಂದು ಕುಡಿಕೆ ತೆಗೆದು ದೊಡ್ಡದೊಂದು ಚಿಟಿಕೆ ನಾಲಿಗೆಗಿಟ್ಟು ಕಣ್ಣು ಮುಚ್ಚಿದ. ಅವನ ಮುಖದಲ್ಲಿ ಎಂದೂ ಕಾಣದ ಶಾಂತಿ.

"ಇದು ಆಗಬಹುದು," ಎಂದ.

ಅನುಸೂಯಾಬಾಯಿ ಬೀಗಿತ್ತಿಯ ಕಡೆ ತಿರುಗಿ ಬಹು ವಿನಯದಿಂದ ಕೇಳಿದರು: "ಬಯಕಿ ಯಾರಿಗಂತ ಕಾರ್ಡಿನ್ಯಾಗ ಬರೀಲಿಲ್ಲ ನೋಡ್ರಿ ನೀವು."

ಕಸ್ತೂರಿಬಾಯಿಯವರ ನಾಚಿಕೆ ಸಿಟ್ಟಾಗಲು ಒಂದು ಉಸಿರು ಸಾಕಾಯಿತು. "ಹಾವಗ್ಯಾ, ಬಸುರಿ ಹೆಂಗಸಿನಂಗ ಮಣ್ಣು ತಿಂತಿ? ಬೀಗರ ಮುಂದ ಮಾನ ತೆಗೆದಿ. ಅಷ್ಟೂ ಕುಡಿಕಿ ಒಯ್ದು ತಿಪ್ಪಿಗೆ ಚೆಲ್ಲು. ಈಗಿಂದೀಗ."

ದಿನಕ್ಕೆ ನಲವತ್ತು ಸಲ ಮಾತಾಡುವ ಹಾವಗೆಪ್ಪ ಒಂದು ಸಲವೂ ಮಾತಾಡದೆ, ಅಟ್ಟದ ಮೇಲಿನ ಹುಡುಗನ ಹಾಗೆ ಸದ್ದಾಗದಂತೆ, ಕುಡಿಕೆಗಳನ್ನು ಒಂದೊಂದೇ ಬುಟ್ಟಿಗೆ ಇಳಿಸತೊಡಗಿದ.

ಶಿವಕಾಂತಾ ಕರ್ಚಿಕಾಯಿ ನುಂಗಿದಳು. ಬುಟ್ಟಿ ತುಂಬುತ್ತಿದ್ದ ಹಾಗೆ ಅವಳಿಗೆ ನಾಳೆಯ ಎರಡೂಕಾಲು ಕಂಡಿತು, ನಾಡಿದ್ದಿನದೂ ಕಂಡಿತು. ಮುಚ್ಚಳ, ಕತ್ತರಿ, ಮೊಣಕೈ ಎಲ್ಲ ಸಾಲಾಗಿ ಕಂಡವು. ಅವಳು ಮಣೆ ಬಿಟ್ಟು ಎದ್ದು, ಕೆನ್ನೆಯ ಅರಿಸಿನದೊಂದಿಗೆ, ಹೋಗಿ ಬಾಗಿಲಿಗೆ ಅಡ್ಡ ನಿಂತಳು. ರಾಣಿ ಕೋಟೆಯ ಬಾಗಿಲಲ್ಲಿ ನಿಲ್ಲುವುದು ಹೀಗೇ ಇರಬೇಕು, ಆದರೆ ಕೋಟೆಯ ಮಣ್ಣಿಗಾಗಿ ಇಷ್ಟು ಅಕ್ಷರಶಃ ಯಾವ ರಾಣಿಯೂ ನಿಂತಿರಲಿಕ್ಕಿಲ್ಲ.

"ಒಂದು ಕುಡಿಕಿ ಹೊಸ್ತಿಲ ದಾಟಿದ್ರ ನಾಳಿ ಎಂಟರ ಬಸ್ಸಿಗೆ ನಾನೂ ದಾಟ್ತೇನಿ, ಅತ್ತಿ."

"ಮಣ್ಣಿನ ಸಲುವಾಗಿ?"

"ಮಣ್ಣಿನ ಸಲುವಾಗೇರಿ."

"ಇಕಿಗೂ ಏನೋ ಆಗೇದ," ಎಂದು ಅನುಸೂಯಾಬಾಯಿ ಹುಳಿಬಾನದ ಗಡಿಗೆ ಮುಚ್ಚಿದರು.

"ಕುಡಿಕಿ ಹೋದ್ರ ಇವರು ಮಧ್ಯಾಹ್ನ ಪೂರಾ ಮನ್ಯಾಗ ಇರ್ತಾರ," ಎಂದಳು ಶಿವಕಾಂತಾ. "ನಾ ಬಸ್ಸಿನ್ಯಾಗ ಇರ್ತೇನಿ. ನೀವೊಬ್ಬರೇ ಉಳೀತೀರಿ. ಮಲಗಿದಾಗ ತಲಿ ಯಾವ ದಿಕ್ಕಿಗೆ ಅದ ಅಂತ ನೋಡಲಿಕ್ಕ ಅವರಿಗೆ ಭಾಳ ಹೊತ್ತು ಸಿಗ್ತದ."

ಕಸ್ತೂರಿಬಾಯಿ ಮಗನನ್ನು ನೋಡಿದರು. ಕುಡಿಕೆಗಳನ್ನು ನೋಡಿದರು. ತಮ್ಮ ಹಾಸಿಗೆಯ ಕಡೆಗೂ ಒಮ್ಮೆ ನೋಡಿದರು.

"ಇರಲಿ ಬಿಡು," ಎಂದರು. "ಅಡಗಿಮನ್ಯಾಗ ಬ್ಯಾಡ. ಹಿತ್ತಲದಾಗ ಇಟ್ಟುಕೋ. ನೆಕ್ಕೋದಿದ್ರ ಗ್ವಾಡಿ ಕಡಿ ಮಾರಿ ಮಾಡಿ ನೆಕ್ಕು."

ಕರ್ಚಿಕಾಯಿ ಎರಡೂ ಮನೆಗೆ ಹಂಚಿಹೋದವು. ಉಳಿದದ್ದು ಸೀರೆ. ಉಡಿಯಲ್ಲಿ ಇಟ್ಟ ಕುಬಸದ ಸೀರೆಯನ್ನು ತವರಿಗೆ ತಿರುಗಿ ಒಯ್ಯುವುದು ಅಪಶಕುನ; ಉಟ್ಟುಕೊಂಡು ಊರಲ್ಲಿ ತಿರುಗಿದರೆ ಸುಳ್ಳು. ಇಬ್ಬರು ತಾಯಂದಿರೂ ಬಹಳ ಹೊತ್ತು ಶಾಸ್ತ್ರ ಚರ್ಚಿಸಿ ಯಾವ ತೀರ್ಮಾನಕ್ಕೂ ಬರದೆ ಮಲಗಿದರು.

ಮರುದಿನ ಮಧ್ಯಾಹ್ನ ಶಿವಕಾಂತಾ ಆ ಸೀರೆಯ ಸೆರಗಿನಿಂದ ಒಂದೂವರೆ ಗೇಣು ಕತ್ತರಿಸಿದಳು. ಬಿಚ್ಚಿದ ಮೂಲೆಗೆ, ಕೆಂಪು ಮತ್ತು ನೀಲಿಯ ನಡುವೆ, ಗಿಳಿಯಷ್ಟು ಹಸಿರಾದ ಆ ಚೂರನ್ನು ಸೊಟ್ಟಗೆ ಇಟ್ಟು ಹೊಲಿಯತೊಡಗಿದಳು. ಎರಡೂಕಾಲಿಗೆ ಚಿಲಕ ಸದ್ದಾಯಿತು. ಕುಡಿಕೆಗಾಗಿ ಹಿತ್ತಿಲಿಗೆ ಹೊರಟ ಹಾವಗೆಪ್ಪ ಕೌದಿಯ ಹತ್ತಿರ ನಿಂತ. ಹಸಿರು ನೋಡಿದ. ಸೊಟ್ಟ ನೋಡಿದ. ಅವನ ಬಾಯಿ ತೆರೆಯಿತು.

ಶಿವಕಾಂತಾ ತಲೆ ಎತ್ತಲಿಲ್ಲ. ಕೈಗೆಟಕುವಲ್ಲಿದ್ದ ಕುಡಿಕೆಯೊಂದನ್ನು ಎತ್ತಿ, ಅದರಿಂದ ಒಂದು ಚಿಟಿಕೆ ತೆಗೆದು ಆ ತೆರೆದ ಬಾಯಿಗೆ ಹಾಕಿದಳು.

ಅವನು ಕಣ್ಣು ಮುಚ್ಚಿ ಚಪ್ಪರಿಸಿದ. ಆಮೇಲೆ ಚೀಲ ಹೆಗಲಿಗೆ ಹಾಕಿಕೊಂಡು ಕೋಟೆಯ ಕಡೆ ಹೊರಟುಹೋದ.