ತುಳಸಿ ಕುಂಡದ ಮುಂದಿದ್ದ ತಟ್ಟೆ

ಪವಾಡದ ಕಥೆಗಳನ್ನು ಯಾರಾದರೂ ಹೇಳತೊಡಗಿದರೆ ಮಾತು ಬದಲಿಸುತ್ತಿದ್ದವಳು ನಾನು. ದಿನಾ ದೇವರಿಗೆ ದೀಪ ಹಚ್ಚಿದರೂ ಅಂಥದ್ದರಲ್ಲಿ ನಂಬಿಕೆ ಇರಲಿಲ್ಲ. ಇದನ್ನು ನೀವು ನಂಬಲೇಬೇಕೆಂದು ನಾನೂ ಕೇಳುವುದಿಲ್ಲ.

ಕೊರೊನಾ ಕಾಲ. ಮಲೇಷ್ಯಾದ ಸಬಾದಲ್ಲಿ, ನದಿ ದಂಡೆಯ ಹಳ್ಳಿಯೊಂದರಲ್ಲಿದ್ದೆವು. ತಾಳೆ ಎಣ್ಣೆ ಕಾರ್ಖಾನೆಯ ಕೆಲಸದ ಮೇಲೆ ಸಮುದ್ರದಾಚೆಯ ಕ್ಲಾಂಗ್ ಬಂದರಿಗೆ ಹೋದ ನಮ್ಮ ಯಜಮಾನರು ಲಾಕ್‌ಡೌನಿನಲ್ಲಿ ಅಲ್ಲೇ ಸಿಕ್ಕಿಬಿದ್ದಿದ್ದರು. ಮನೆಯಲ್ಲಿ ನಾನೊಬ್ಬಳೇ. ಡಬ್ಬಿಯಲ್ಲಿ ಅಕ್ಕಿಯಿತ್ತು, ಪಕ್ಕದ ಮನೆಯಲ್ಲಿ ಕಾಕ್ ಮಿಲಾ ಇದ್ದರು; ದೇವರು ಅಷ್ಟು ಕೊಟ್ಟಿದ್ದ. ಅಲ್ಲಿ ಅಕ್ಕನಿಗೆ ಕಾಕ್ ಎನ್ನುತ್ತಾರೆ. ತಾಳೆ ತೋಟಗಳ ನಡುವೆ ತುಂಡಾದ ಕಾಡನ್ನು ಕೂಡಿಸಲು ಅವರೂ ಊರಿನ ಹೆಂಗಸರೂ ದಂಡೆಯುದ್ದಕ್ಕೂ ಹಣ್ಣಿನ ಗಿಡ ನೆಟ್ಟಿದ್ದರು. ಅವು ಮರವಾದ ಮೇಲೆಯೇ ಒಂದು ಒರಾಂಗುಟಾನ್ ತಾಯಿ, ಕೆಂಗೂದಲಿನ ದೊಡ್ಡ ವಾನರ, ಮರಿಯನ್ನು ಅವುಚಿಕೊಂಡು ನಮ್ಮ ಬೇಲಿಯಾಚೆ ಬರತೊಡಗಿದ್ದು.

"ಹತ್ತಿರ ಹೋಗಬೇಡ ಲಾ. ತಿನ್ನೋಕೂ ಕೊಡಬೇಡ. ನಮ್ಮ ನೆಗಡಿ ಅವಕ್ಕೂ ಅಂಟುತ್ತೆ," ಎಂದು ಕಾಕ್ ಮಿಲಾ, ಅಲ್ಲಿನವರಂತೆ ಮಾತಿಗೊಂದು 'ಲಾ' ಸೇರಿಸಿ, ಹೇಳಿಯೇ ಇದ್ದರು.

ಒಂದು ಶನಿವಾರ ಸಂಜೆ ನೈವೇದ್ಯ ಮುಗಿಸಿ ಹೊರಬಂದರೆ ತಾಯಿ ಮರದಲ್ಲಿ ಕೂತಿತ್ತು. ಸಾಕ್ಷಾತ್ ಹನುಮಂತನೇ ಬಂದಂತಾಯಿತು ನನಗೆ. ಪ್ರಸಾದಕ್ಕೆಂಥ ರೋಗ ಎಂದುಕೊಂಡು ಬಾಳೆಹಣ್ಣಿನ ತಟ್ಟೆಯನ್ನು ಬೇಲಿಯಾಚೆಯ ಮೋಟುಮರದ ಮೇಲಿಟ್ಟೆ. ಗಂಟಲು ಕೆರೆಯುತ್ತಿತ್ತು, ಕೆಮ್ಮಿದೆ. ತಾಯಿ ಒಂದು ಹಿಡಿ ಎಲೆ ಕಿತ್ತು ಬಾಯಿಗೆ ಅಡ್ಡ ಹಿಡಿದು, ಲೊಚಗುಟ್ಟುತ್ತಾ ನನ್ನನ್ನೇ ನೋಡಿತು. ನಾನು ನಕ್ಕು ಒಳಗೆ ಬಂದೆ.

ಬೆಳಗಾಗುವಷ್ಟರಲ್ಲಿ ಮೈ ಸುಡುತ್ತಿತ್ತು. ಪರೀಕ್ಷೆ ಮಾಡಿಕೊಂಡರೆ ಕೊರೊನಾ. ಮೊದಲು ನೆನಪಾದದ್ದು ಆ ಮರಿ. ಕಾಕ್ ಮಿಲಾಗೆ ಫೋನ್ ಮಾಡಿ ಅತ್ತೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಮಾಸ್ಕ್ ಹಾಕಿಕೊಂಡು ಹೋಗಿ ನೋಡಿ, "ಇಲ್ಲಿ ತಟ್ಟೆಯೇ ಇಲ್ವಲ್ಲ," ಎಂದರು.

ತಟ್ಟೆ ನಮ್ಮ ತುಳಸಿ ಕುಂಡದ ಮುಂದಿತ್ತು. ಒಂದು ಹಣ್ಣನ್ನೂ ಯಾರೂ ಮುಟ್ಟಿರಲಿಲ್ಲ. ಮೇಲೆ ಹಸಿ ಎಲೆಗಳು ಮುಚ್ಚಿದ್ದವು. ಕುಂಡ ಇದ್ದದ್ದು ಜಾಲರಿ ಹಾಕಿದ ಜಗಲಿಯಲ್ಲಿ. ಚಿಲಕ ಒಳಗಿನಿಂದ ಹಾಕಿದಂತೆಯೇ ಇತ್ತು.

"ದೇವರು ನಿನ್ನ ಪ್ರಸಾದಾನೂ ಕ್ವಾರಂಟೈನ್ ಮಾಡಿಬಿಟ್ನಲ್ಲೇ," ಎಂದು ಯಜಮಾನರು ಫೋನಿನಲ್ಲಿ ನಗಿಸಲು ನೋಡಿದರು. ಜ್ವರದ ಮಂಪರಿನಲ್ಲಿ ನೀನೇ ತಂದಿರಬೇಕು ಎಂದೂ ಅಂದರು. ಇರಬಹುದು. ಆದರೆ ಆ ಎಲೆ ತಾಯಿ ಕೂತಿದ್ದ ಮರದ್ದು, ನನ್ನ ಕೈಗೆ ಎಟುಕುವಂಥದ್ದಲ್ಲ. ಹೆದರಿದಾಗ, ಸಿಟ್ಟು ಬಂದಾಗ ಅವು ಹಾಗೆ ಬಾಯಿಗೆ ಎಲೆ ಹಿಡಿಯುತ್ತವೆ ಎಂದು ಕಾಕ್ ಮಿಲಾ ವಿವರಿಸಿದರು. ತಟ್ಟೆಯ ಮಾತು ಬಂದಾಗ ಗಂಜಿ ಕುಡಿದೆಯಾ ಎಂದು ಕೇಳಿದರು.

ವಾರಗಟ್ಟಲೆ ಅವರು ದೂರದಿಂದ ಕಾದು ನೋಡಿದರು. ತಾಯಿಗೂ ಮರಿಗೂ ಏನೂ ಆಗಲಿಲ್ಲ. ಅಷ್ಟು ದಯೆಯನ್ನು ದಿನಾ ನೆನೆಯುತ್ತೇನೆ. ಆ ತಟ್ಟೆ ಈಗಲೂ ದೇವರ ಮನೆಯಲ್ಲಿದೆ. ತೊಳೆದು, ಒರೆಸಿ, ಮತ್ತೆ ಕವುಚಿಡುತ್ತೇನೆ. ಅದರಲ್ಲಿ ಒಂದು ಹಣ್ಣಿಟ್ಟು ದೇವರ ಮುಂದೆ ಹಿಡಿಯಲು ನನಗೆ ಇನ್ನೂ ಮುಖವಿಲ್ಲ.