ಖಾನಾಪುರ ವ್ಯಾನಿನ ಝಡತಿ

ಅವರ ಬಲಗೈ ಮೊಣಕೈವರೆಗೆ ಸುಟ್ಟ ಬದನೆಕಾಯಿಯ ಬಣ್ಣಕ್ಕಿತ್ತು, ಎಡಗೈ ಗೋಧಿಬಣ್ಣ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬಲಗೈಯನ್ನು ಕಿಟಕಿಯ ಮೇಲಿಟ್ಟು ಖಾನಾಪುರಕ್ಕೂ ಬೆಳಗಾವಿಗೂ ನಡುವೆ ಗಾಡಿ ಹೊಡೆದ ಗುರುತು ಅದು. ಕೈಮುಗಿದು ನಿಂತರೆ ಇಬ್ಬರ ಕೈ ತಂದು ಜೋಡಿಸಿದ ಹಾಗೆ ಕಾಣುತ್ತಿತ್ತು. ಅವರ ವ್ಯಾನಿನಲ್ಲಿ ದಿನಾ ಓಡಾಡುವ ನಾವೆಲ್ಲ ಅವರನ್ನು ಮಾಮಾ ಎನ್ನುತ್ತಿದ್ದೆವು. ಮನೆಯಲ್ಲಿ ಮರಾಠಿ, ಗಾಡಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ.

ನನಗಾಗ ಬೆಳಗಾವಿಯ ಸದಾಶಿವನಗರದ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಬಂದವರ ಹೆಸರು ಬರೆದುಕೊಳ್ಳುವ ಕೆಲಸ. ದಿನಾ ಬೆಳಿಗ್ಗೆ ಎಂಟಕ್ಕೆ ಮಾಮಾನ ಬಿಳಿ ವ್ಯಾನು ಖಾನಾಪುರ ಬಿಡುತ್ತಿತ್ತು. ಹಿಂದಿನ ಸೀಟಿನಲ್ಲಿ ನನ್ನ ಜಾಗ ಕಾಯಂ, ಸೀಟಿನ ಕೆಳಗೆ ನನ್ನ ಊಟದ ಡಬ್ಬಿಯ ಜಾಗವೂ ಕಾಯಂ.

ಗಾಡಿಯ ಕಾಗದಗಳನ್ನು ಅವರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಲೆಯ ಮೇಲಿನ ಪಟ್ಟಿಯಲ್ಲಿ ಸಿಕ್ಕಿಸಿಡುತ್ತಿದ್ದರು. ಪೊಲೀಸರು ಕೈ ಮಾಡಿದರೆ ಎಂಜಿನ್ ಆರಿಸಿ ತಾವೇ ಇಳಿದು, ಕೇಳುವ ಮೊದಲೇ ಕಾಗದ ಕೊಡುತ್ತಿದ್ದರು. ಗಾಡಿ ನೋಡಬೇಕೆಂದರೆ ಮಾತ್ರ ಯಾಕೆ ಎಂದು ಕೇಳುತ್ತಿದ್ದರು. ಗೋವಾದ ಕಡೆಯಿಂದ ದಾರೂ ಬರುವ ರಸ್ತೆ ಅದು, ಗಾಡಿ ತಡೆದು ಹುಡುಕುವ ಝಡತಿ ಹೊಸದೇನಲ್ಲ. "ನೋಡ್ರಿ ಸಾಹೇಬ್ರ, ಬ್ಯಾಡ ಅನ್ನಂಗಿಲ್ಲ. ನನ್ನ ಕಣ್ಣಮುಂದ ನೋಡ್ರಿ, ಅಷ್ಟ," ಎಂದು ಬಾಗಿಲ ಹತ್ತಿರ ನಿಂತುಬಿಡುತ್ತಿದ್ದರು.

ಹರೆಯದಲ್ಲಿ ಲಾರಿ ಹೊಡೆಯುವಾಗ ಪೊಲೀಸರೊಬ್ಬರು ಕಾರಣ ಹೇಳದೆ ಕಪಾಳಕ್ಕೆ ಬಾರಿಸಿದ್ದರಂತೆ. ಆಮೇಲೆ ಬೆಳಗಾವಿಯ ಆಟೋ ನಗರದಲ್ಲಿ ಡ್ರೈವರುಗಳಿಗೆಂದು ವಕೀಲರೊಬ್ಬರು ಕಾನೂನು ಹೇಳಿಕೊಡಲು ಬಂದಾಗ, ಇವರು ಮುಂದಿನ ಸಾಲಿನಲ್ಲಿ ಕುಳಿತು ಎಲ್ಲವನ್ನೂ ಬರೆದುಕೊಂಡಿದ್ದರು. ಅದನ್ನೇ ನಮಗೆ ದಾರಿಯುದ್ದಕ್ಕೂ ಪಾಠ ಮಾಡುತ್ತಿದ್ದರು. ಏನಾದರೂ ಜಪ್ತಿ ಮಾಡಿದರೆ ಪಟ್ಟಿ ಕೇಳಿ, ಸಾಕ್ಷಿಗೆ ಇಬ್ಬರು ಪಂಚರು ಕಣ್ಣಾರೆ ನೋಡಿ ಸಹಿ ಮಾಡಬೇಕು, ಖಾಲಿ ಹಾಳೆಯ ಮೇಲೆ ಸತ್ತರೂ ಸಹಿ ಮಾಡಬೇಡಿ. ನಾವು ತಲೆಯಾಡಿಸಿ ಮೊಬೈಲ್ ನೋಡುತ್ತಿದ್ದೆವು.

ಒಂದು ದಿನ ಇಬ್ಬರು ಸಾದಾ ಬಟ್ಟೆಯವರು ಪೊಲೀಸರೆಂದು ಹೇಳಿ ವ್ಯಾನು ನಿಲ್ಲಿಸಿದರು. ಅವರಲ್ಲೊಬ್ಬ ಒಳಗೆ ಕೈಚಾಚಿ ನನ್ನ ಚೀಲವನ್ನು ಎಳೆದ. ಮಾಮಾ ಅವನ ಕೈ ಹಿಡಿಯಲಿಲ್ಲ, ದನಿ ಏರಿಸಲಿಲ್ಲ. ಮೊದಲು ಗುರುತಿನ ಚೀಟಿ ತೋರಿಸಿ, ಹೆಣ್ಣುಮಕ್ಕಳ ಚೀಲ ಮುಟ್ಟಬೇಕೆಂದರೆ ಹೆಣ್ಣು ಪೊಲೀಸರನ್ನು ಕರೆಸಿ ಎಂದರು. ಅವರ ಬಳಿ ಚೀಟಿ ಇರಲಿಲ್ಲ. ಸ್ವಲ್ಪ ದೂರದಲ್ಲಿ ಜೀಪಿನಲ್ಲಿದ್ದ ಅವರ ಅಧಿಕಾರಿ ಇಳಿದು ಬಂದು ಎಲ್ಲವನ್ನೂ ಕೇಳಿಸಿಕೊಂಡು, ಬಿಡಿ ಎಂದ. ವ್ಯಾನು ಹೊರಡುವಾಗ ನಮಗೆ ನಗು ತಡೆಯಲಾಗಲಿಲ್ಲ. ಮೊದಲು ನಕ್ಕವಳು ನಾನು, ಎಲ್ಲರಿಗಿಂತ ಜೋರಾಗಿ. ಕಿಟಕಿ ತೆರೆದೇ ಇತ್ತು. ಅಧಿಕಾರಿ ತಿರುಗಿ ನನ್ನನ್ನಲ್ಲ, ಮಾಮಾನನ್ನು ನೋಡಿದ.

ಮೂರು ವಾರದ ನಂತರ ಅದೇ ಅಧಿಕಾರಿ ಅದೇ ರಸ್ತೆಯಲ್ಲಿ ನಿಂತಿದ್ದ. ಎಲ್ಲರನ್ನೂ ಇಳಿಸಿ, ಹಿಂದೆ ಬಂದ ಬಸ್ಸಿಗೆ ಹತ್ತಿಸಿದರು. ನನ್ನನ್ನೂ, ಅವತ್ತು ಮೊದಲ ಸಲ ವ್ಯಾನು ಹತ್ತಿದ್ದ ಒಬ್ಬ ಮುದುಕರನ್ನೂ ಮಾತ್ರ ಉಳಿಸಿಕೊಂಡರು.

"ಬರ್ರಿ ವಕೀಲ್ರ," ಎಂದ ಅಧಿಕಾರಿ ಮಾಮಾನಿಗೆ. "ಇವತ್ತ ನಿಮ್ಮ ಕಾನೂನಿನ ಪ್ರಕಾರನ ಮಾಡೂಣು. ಪಂಚರು ಬೇಕಲ್ರಿ? ನಿಮ್ಮ ಮಂದಿನ ಆಗ್ಲಿ."

ಇಬ್ಬರು ಪೇದೆಗಳು ಮಾಮಾನನ್ನು ಜೀಪಿನ ಆ ಬದಿಗೆ ಕರೆದೊಯ್ದರು. ನಮ್ಮನ್ನು ರಸ್ತೆ ದಾಟಿಸಿ ಮರದ ಕೆಳಗೆ ನಿಲ್ಲಿಸಿದರು. ವ್ಯಾನಿನ ಬಾಗಿಲು ಇನ್ನೊಂದು ಬದಿಗಿತ್ತು, ನಮಗೆ ಏನೂ ಕಾಣಲಿಲ್ಲ. ಹತ್ತು ನಿಮಿಷದ ಮೇಲೆ ಕರೆದರು. ಹಿಂದಿನ ಸೀಟಿನ ಕೆಳಗೆ ರಟ್ಟಿನ ಪೆಟ್ಟಿಗೆಯೊಂದು ಇತ್ತು, ತುಂಬ ಗೋವಾದ ಬಾಟಲಿಗಳು. ನನ್ನ ಊಟದ ಡಬ್ಬಿಯನ್ನು ಎತ್ತಿ ಸೀಟಿನ ಮೇಲಿಟ್ಟಿದ್ದರು. ಆ ಪೆಟ್ಟಿಗೆ ಅಲ್ಲಿರಲಿಲ್ಲ ಎಂದು ಪ್ರಮಾಣ ಮಾಡಿ ಹೇಳಬಲ್ಲ ಮನುಷ್ಯರು ಭೂಮಿಯ ಮೇಲೆ ಇಬ್ಬರಿದ್ದರೆ, ಒಬ್ಬರು ಮಾಮಾ, ಇನ್ನೊಬ್ಬಳು ನಾನು.

ಅಧಿಕಾರಿ ನನ್ನ ಹೆಸರು, ಆಸ್ಪತ್ರೆಯ ಹೆಸರು ಕೇಳಿದ. ಸಹಿ ಮಾಡಿದರೆ ನೀವು ಪಂಚರು, ಮಾಡದಿದ್ದರೆ ಈ ಪೆಟ್ಟಿಗೆಯ ಮೇಲೆ ಕುಳಿತು ಬಂದವರು, ಯಾವುದಾಗುತ್ತೀರಿ ಎಂದು ಮೆತ್ತಗೆ ಕೇಳಿದ. ಮುದುಕರು ಆಗಲೇ ಸಹಿ ಮಾಡಿದ್ದರು. ನಾಲ್ಕು ಹಾಳೆ ಕೊಟ್ಟರು. ಒಂದರಲ್ಲೂ ಅಕ್ಷರವಿರಲಿಲ್ಲ. ನಾನು ನಾಲ್ಕಕ್ಕೂ ಸಹಿ ಮಾಡಿದೆ.

ಮಾಮಾ ಜೀಪಿನ ಪಕ್ಕದಿಂದ ನೋಡುತ್ತಿದ್ದರು. ಅವರ ತುಟಿ ಒಡೆದಿತ್ತು. ನಾನು ಹತ್ತಿರದಿಂದ ಹಾದುಹೋಗುವಾಗ, "ಬಸ್ ಬಂತ ನೋಡ, ಹೋಗ ತಂಗಿ. ನಿನಗ ತಡ ಆಗ್ತೈತಿ," ಎಂದರು. ನಾನು ಹೋದೆ. ಅವತ್ತು ಆಸ್ಪತ್ರೆಗೆ ಅರ್ಧ ಗಂಟೆಯಷ್ಟೇ ತಡವಾಯಿತು.

ಜಾಮೀನು ಸಿಗುವವರೆಗೆ ಮೂರು ವಾರ ಅವರು ಹಿಂಡಲಗಾದ ಜೈಲಿನಲ್ಲಿದ್ದರು. ಊರಿನಲ್ಲಿ ಮಾತು ಬೇಗ ತಿರುಗಿತು. ಕಾನೂನು ಮಾತಾಡುತ್ತಿದ್ದುದು ಇದಕ್ಕೇ ಎಂದರು. ಖರೇ ಮನುಷ್ಯನಿಗೆ ಇಷ್ಟು ಕಾನೂನು ಯಾಕೆ ಬೇಕು ಎಂದರು. ಹೀಗೆ ಅಂದವರೆಲ್ಲ ಅವರ ಪಾಠ ಕೇಳುತ್ತ ಪ್ರಯಾಣ ಮಾಡಿದವರೇ. ನಿನ್ನನ್ನು ಯಾಕೆ ಉಳಿಸಿಕೊಂಡರು ಎಂದು ಕೇಳಿದವರಿಗೆ, ಚೀಲ ನೋಡಿ ಬಿಟ್ಟರು ಎಂದೆ. ಸಹಿಯ ವಿಷಯವನ್ನು ಯಾರಿಗೂ ಹೇಳಲಿಲ್ಲ. ನಾವು ಬೇರೆ ವ್ಯಾನು ಹಿಡಿದೆವು. ಅದರ ಡ್ರೈವರು ಪೊಲೀಸರನ್ನು ಕಂಡರೆ ನಿಧಾನ ಮಾಡಿ ನೋಟು ಹಿಡಿದ ಕೈ ಹೊರಗೆ ಚಾಚುತ್ತಿದ್ದ, ಗಾಡಿ ನಿಲ್ಲುತ್ತಲೇ ಇರಲಿಲ್ಲ. ದಿನಾ ಹೊತ್ತಿಗೆ ಸರಿಯಾಗಿ ತಲುಪುತ್ತಿದ್ದೆವು.

ಮಾಮಾನ ವ್ಯಾನು ಜಪ್ತಿಯಾಗಿ ಪೊಲೀಸ್ ಠಾಣೆಯ ಬಯಲಲ್ಲಿ ನಿಂತಿತು. ಮೊದಲು ಬ್ಯಾಟರಿ ಹೋಯಿತು, ಆಮೇಲೆ ಚಕ್ರಗಳು, ಆಮೇಲೆ ಸೀಟು. ಅವರು ಹೆಂಡತಿಯನ್ನು ಕರೆದುಕೊಂಡು ಬೆಳಗಾವಿಗೆ ಬಂದು, ಆಟೋ ನಗರದ ಒಂದು ಗ್ಯಾರೇಜಿನಲ್ಲಿ ಲಾರಿಯ ಬಿಡಿಭಾಗಗಳನ್ನು ಡೀಸೆಲ್ಲಿನಲ್ಲಿ ತೊಳೆಯುವ ಕೆಲಸಕ್ಕೆ ಸೇರಿದರು. ನಾನು ಎರಡು ತಿಂಗಳಿಗೊಮ್ಮೆ ಹಣ್ಣು ಹಿಡಿದುಕೊಂಡು ಅವರ ಬಾಡಿಗೆ ಮನೆಗೆ ಹೋಗುತ್ತಿದ್ದೆ. ಊರಿನವರೆಲ್ಲ ಬಿಟ್ಟರೂ ನೀನೊಬ್ಬಾಕಿ ಬರುತ್ತಿ ಎಂದು ಮಾಮಿ ನನ್ನ ಗಲ್ಲ ಸವರಿ ನೆಟಿಗೆ ಮುರಿಯುತ್ತಿದ್ದಳು. ಮಾಮಾ ಗೋಡೆಗೆ ಒರಗಿ ಸುಮ್ಮನೆ ಕುಳಿತಿರುತ್ತಿದ್ದರು. ನಾನು ಕ್ಷಮೆ ಕೇಳಲಿಲ್ಲ. ಕೇಳಿದರೆ ಹಣ್ಣು ತೆಗೆದುಕೊಳ್ಳಲಿಕ್ಕಿಲ್ಲ ಎಂಬ ಭಯ.

ನಾಲ್ಕು ವರ್ಷಕ್ಕೆ ನನಗೆ ಸಾಕ್ಷಿ ಹೇಳಲು ಕೋರ್ಟಿನಿಂದ ಸಮನ್ಸ್ ಬಂತು. ಅದನ್ನು ಹಿಡಿದುಕೊಂಡು ಗ್ಯಾರೇಜಿಗೇ ಹೋದೆ. ಇದ್ದದ್ದು ಇದ್ದಂತೆ ಹೇಳುತ್ತೇನೆ, ಖಾಲಿ ಹಾಳೆಗೆ ಸಹಿ ಮಾಡಿದೆ ಎನ್ನುತ್ತೇನೆ, ಹೇಳಲಾ ಮಾಮಾ ಎಂದು ಕೇಳಿದೆ. ಅವರು ಡೀಸೆಲ್ ಡಬ್ಬಿಯಿಂದ ಕೈ ತೆಗೆಯದೆ ಹೇಳಿದರು:

"ಖರೇ ಹೇಳಾಕ ನನ್ನ ಪರವಾನಗಿ ಯಾಕ ಬೇಕು ತಂಗಿ? ಅವತ್ತ ಸಹಿ ಮಾಡೂವಾಗ ಕೇಳಿದ್ದಿ ಏನು?"

ಐದು ವರ್ಷದ ಗಾಡಿಪಾಠದಲ್ಲಾಗಲಿ, ನಾಲ್ಕು ವರ್ಷದ ಮೌನದಲ್ಲಾಗಲಿ ಅವರು ನನಗೆ ಹೇಳಿದ ಒಂದೇ ಒಂದು ಬಿರುಸು ಮಾತು ಅದು.

ಮೊದಲ ಸಲ ಕೋರ್ಟಿಗೆ ಹೋದಾಗ ಸರಕಾರಿ ವಕೀಲರು ಬಂದಿರಲಿಲ್ಲ. ಎರಡನೇ ಸಲ ಆ ಅಧಿಕಾರಿಗೆ ಬೇರೆ ಊರಿಗೆ ವರ್ಗವಾಗಿತ್ತು, ಕಡತ ಸಿಗಲಿಲ್ಲ. ಎರಡು ಸಲವೂ ಮಾಮಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹಿಂದಿನ ಬೆಂಚಿನಲ್ಲಿ ಸಂಜೆಯವರೆಗೆ ಕುಳಿತು ಎದ್ದುಹೋದರು. ಮೂರನೇ ದಿನಾಂಕಕ್ಕೆ ವಾರವಿರುವಾಗ ಅವರು ಗ್ಯಾರೇಜಿನಲ್ಲಿ ಲಾರಿಯ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದಲ್ಲಿಯೇ ಸತ್ತರು. ಹೊರಗೆ ಕಾಣುತ್ತಿದ್ದ ಕಾಲುಗಳನ್ನು ನೋಡಿ ಕೆಲಸ ನಡೆದಿದೆ ಎಂದೇ ಎಲ್ಲರೂ ತಿಳಿದರು. ಮಧ್ಯಾಹ್ನದ ಚಾ ತಂದವನು ಕಾಲು ಅಲ್ಲಾಡಿಸಿದಾಗ ಗೊತ್ತಾಯಿತು.

ಆದರೂ ಮೂರನೇ ದಿನಾಂಕದಂದು ನಾನು ಕೋರ್ಟಿಗೆ ಹೋದೆ. ಆರೋಪಿ ತೀರಿಕೊಂಡಿದ್ದರಿಂದ ಕೇಸು ಅಲ್ಲಿಗೇ ಮುಗಿಯಿತು, ನೀವು ಹೋಗಬಹುದು ಎಂದರು ಗುಮಾಸ್ತರು. ನಾನು ಒಂದು ಮಾತು ಹೇಳಬೇಕಿತ್ತು ಎಂದೆ. "ಯಾರಿಗ ಹೇಳ್ತೀರಿ?" ಎಂದರು ಅವರು. ವ್ಯಂಗ್ಯವೇನೂ ಇರಲಿಲ್ಲ, ಬಹುಶಃ ತಿಳಿಯದೆಯೇ ಕೇಳಿದ್ದರು. ಮಾಮಾ ತಪ್ಪಿತಸ್ಥರೆಂದೂ ತೀರ್ಪಾಗಲಿಲ್ಲ, ನಿರಪರಾಧಿಯೆಂದೂ ಆಗಲಿಲ್ಲ. ಆ ಕಡತದಲ್ಲಿ ನನ್ನದೆಂದು ಇರುವುದು ನಾಲ್ಕು ಸಹಿಗಳು ಮಾತ್ರ.

ಹೇಳಬೇಕಾದ ಮಾತು ಹೊಟ್ಟೆಯಲ್ಲೇ ಉಳಿದಿತ್ತು. ಕೋರ್ಟಿನಿಂದ ನೇರ ಮಾಮಿಯ ಮನೆಗೆ ಹೋದೆ. ಆಕೆ ಎಂದಿನಂತೆ ಚಾ ಮಾಡಿ ಕೊಟ್ಟಳು. ಅರ್ಧ ಕುಡಿದು, ಪೆಟ್ಟಿಗೆ, ಹಾಳೆ, ಸಹಿ ಎಲ್ಲವನ್ನೂ ಹೇಳಿದೆ.

"ಪಂಚರು ಯಾರಿದ್ರು ಅಂತ ಅವ್ರನ್ನ ಎಷ್ಟ ಸಲ ಕೇಳೀನಿ," ಎಂದಳು ಮಾಮಿ. "ಯಾರೋ ದಾರಿ ಮಂದಿ, ಗುರುತಿಲ್ಲ ಅಂತಿದ್ರು. ನೀ ಬಂದಾಗೊಮ್ಮೆ, ಪಾಪ, ದೂರದಿಂದ ಬಂದಾಳ, ಚಾ ಮಾಡಿ ಕೊಡ ಅಂತ ನನಗ ಅವ್ರ ಹೇಳ್ತಿದ್ರು."

ನನ್ನ ಕೈಯಿಂದ ಕಪ್ಪು ತೆಗೆದುಕೊಂಡು, ಉಳಿದ ಚಾ ಮೋರಿಗೆ ಚೆಲ್ಲಿದಳು. ಬಾಗಿಲು ತೆರೆದು ಹಿಡಿದು ನಿಂತಳು. ನಾನು ಚಪ್ಪಲಿ ಮೆಟ್ಟಿಕೊಳ್ಳುವವರೆಗೂ ಅದನ್ನು ಹಾಗೇ ಹಿಡಿದುಕೊಂಡಿದ್ದಳು.