ಚಿಕ್ಕಪ್ಪನ ಲೋಟ

ಈಗ ನನಗೆ ಸಂಜೆಯ ಕಾಫಿ ಬರುವುದು ಒಂದು ಹಳೆಯ ಸ್ಟೀಲ್ ಲೋಟದಲ್ಲಿ. ಅದರ ಅಂಚು ಒಂದು ಕಡೆ ನೆಗ್ಗಿದೆ. ಮೈಮೇಲೆ ಚುಕ್ಕಿ ಚುಕ್ಕಿಯಾಗಿ ‘ಧರ್ಮಪ್ಪ, ಎಡಕುಮೇರಿ’ ಎಂದು ಹೆಸರು ಕೊರೆಸಿದೆ. ಊರಿನ ಹೆಸರಿಗೆ ಜಾಗ ಸಾಲದೆ ಕೊನೆಯ ಅಕ್ಷರ ತಳದ ಕಡೆಗೆ ಜಾರಿಕೊಂಡಿದೆ. ಈ ಲೋಟವನ್ನು ಮೂಗಿನ ಹತ್ತಿರ ತಂದರೆ, ಕಾಫಿಯ ವಾಸನೆಗಿಂತ ಒಂದು ಕ್ಷಣ ಮುಂಚೆ ನನಗೆ ಬ್ರಾಂದಿಯ ವಾಸನೆ ಬರುತ್ತದೆ. ನನ್ನ ಹೆಂಡತಿ ಭಾಗ್ಯಳಿಗೆ ಕೊಟ್ಟು ಕೇಳಿದೆ. ಅವಳು ಲೋಟವನ್ನು ಮೂಸಿ, ಹುಣಸೆಹಣ್ಣು ಹಾಕಿ ತಿಕ್ಕಿದ ಲೋಟ, ಏನೂ ಇಲ್ಲ ಎಂದಳು. ಅವಳ ಮೂಗಿನ ಮೇಲೆ ನನಗೆ ಅಪಾರ ನಂಬಿಕೆ. ವರ್ಷಗಟ್ಟಲೆ ಪ್ರತಿ ಸಂಜೆ ನನ್ನ ಬಾಯಿ ಮೂಸಿ ಪಳಗಿದ ಮೂಗು ಅದು. ಹಾಗಾಗಿ ವಾಸನೆ ಲೋಟದಲ್ಲಿಲ್ಲ, ನನ್ನಲ್ಲೇ ಇದೆ ಎಂದು ಒಪ್ಪಿಕೊಂಡಿದ್ದೇನೆ.

ನಾನು ಕುಡಿತ ಬಿಟ್ಟವನು. ಹೀಗೆಂದ ಕೂಡಲೇ ಜನ ಶಭಾಷ್ ಎನ್ನುತ್ತಾರೆ. ನೀವು ಅವಸರ ಮಾಡಬೇಡಿ. ಬಿಟ್ಟವನಿಗೆ ಅದರ ನೆನಪೇ ಬರುವುದಿಲ್ಲ ಎಂದು ನಿಮಗೆ ಯಾರಾದರೂ ಹೇಳಿದ್ದರೆ, ಅವರು ಕುಡಿದವರೇ ಅಲ್ಲ.

ಆಲೂರಿನಲ್ಲಿ ನನ್ನದೊಂದು ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ. ಸುಟ್ಟುಹೋದ ಮೋಟಾರಿನ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹಾಕಿ ಒಣಗಿಸಿ ಕೊಡುವ ಕೆಲಸ. ಹಗಲೆಲ್ಲ ಏನೂ ತೊಂದರೆಯಿಲ್ಲ. ಬಿಸಿಲು ತಾಲೂಕು ಕಚೇರಿಯ ಕಾಂಪೌಂಡ್ ದಾಟಿ ಆಚೆ ಹೋದ ಮೇಲೆ ಶುರುವಾಗುತ್ತದೆ. ನಮ್ಮೂರು ಪಾಳ್ಯದ ಬಸ್ಸಿಗೆ ಜನ ಸೇರುತ್ತಾರೆ, ಬೋಂಡದ ಗಾಡಿಯವನು ಸ್ಟೌ ಹಚ್ಚುತ್ತಾನೆ, ನನ್ನ ಬಾಯಲ್ಲಿ ನೀರೂರುತ್ತದೆ. ಬೋಂಡಕ್ಕಲ್ಲ. ನನಗೆ ಬೇಕೆನ್ನಿಸುವುದು ಬ್ರಾಂದಿಯ ರುಚಿಯೂ ಅಲ್ಲ. ಅದಕ್ಕೆ ರುಚಿ ಎಲ್ಲಿತ್ತು? ಮುಚ್ಚಳ ತಿರುವಿದಾಗ ಬರುವ ಆ ಚಿಕ್ಕ ಸದ್ದು. ಮೊದಲ ಗುಟುಕು ಎದೆಯಲ್ಲಿ ಇಳಿದು ಹೋಗುವ ದಾರಿ. ಆಮೇಲೆ, ತಲೆಯ ಮೇಲಿನ ಹೊರೆಯನ್ನು ಯಾರೋ ಬಂದು ಇಳಿಸಿಕೊಟ್ಟ ಹಾಗಾಗುವ ಒಂದು ಗಳಿಗೆ. ಅದು ಹೆಚ್ಚು ಹೊತ್ತು ಇರುತ್ತಿರಲಿಲ್ಲ, ಅದರ ಹಿಂದೆ ಬರುತ್ತಿದ್ದುದೆಲ್ಲ ಕೆಟ್ಟದ್ದೇ. ಆದರೆ ಆ ಗಳಿಗೆ ಸುಳ್ಳಾಗಿರಲಿಲ್ಲ. ಅದನ್ನು ನೆನೆಯುವುದು ತೀರಿಕೊಂಡ ಗೆಳೆಯನನ್ನು ನೆನೆದಂತೆ.

ನಾನು ಕೆಲವು ವಾರ ಇದ್ದು ಬಂದ ಹಾಸನದ ಕುಡಿತ ಬಿಡಿಸುವ ಕೇಂದ್ರದಲ್ಲಿ ಒಬ್ಬ ಮೇಡಂ ಇದ್ದರು. ಆಸೆ ಬಂದಾಗ ಅದರ ಜೊತೆ ಜಗಳಕ್ಕೆ ನಿಲ್ಲಬೇಡಿ, ಸ್ವಲ್ಪ ಹೊತ್ತು ತಡೆಯಿರಿ, ಬಾಯಿಗೆ ಏನಾದರೂ ಹಾಕಿಕೊಳ್ಳಿ, ಯಾರನ್ನಾದರೂ ಮಾತಾಡಿಸಿ ಎಂದು ಹೇಳಿ ಕಳಿಸಿದ್ದರು. ಬಾಯಿಗೆ ಹಾಕಿಕೊಳ್ಳುವ ಉಪದೇಶವನ್ನು ಎಷ್ಟು ಶ್ರದ್ಧೆಯಿಂದ ಪಾಲಿಸಿದೆನೆಂದರೆ, ಕೊಬ್ಬರಿ ಮಿಠಾಯಿ ತಿಂದೂ ತಿಂದೂ ಪ್ಯಾಂಟಿನ ಗುಂಡಿ ಹಾಕಲು ಉಸಿರು ಹಿಡಿಯಬೇಕಾಗಿದೆ. ಮಾತಿಗೆ ಸಿಕ್ಕವನು ರಫೀಕ್. ನನ್ನ ಅಂಗಡಿಯ ಪಕ್ಕದಲ್ಲೇ ಗೂಡ್ಸ್ ಆಟೋ ನಿಲ್ಲಿಸಿಕೊಂಡು ಶುಂಠಿ, ಕಾಫಿ ಮೂಟೆ, ನನ್ನ ಮೋಟಾರು ಎಲ್ಲವನ್ನೂ ಸಾಗಿಸುವವನು. ಸಂಜೆ ನಾನು ಬಂದು ಅವನ ಆಟೋಗೆ ಒರಗಿದರೆ ಏನು ಎತ್ತ ಎಂದು ಕೇಳುವುದಿಲ್ಲ, ಕ್ಲಚ್ ಪ್ಲೇಟಿನ ವಿಷಯ ಎತ್ತಿಬಿಡುತ್ತಾನೆ. ಬಸ್ಸು ಬರುವವರೆಗೂ ಅದೇ. ಕ್ಲಚ್ ಪ್ಲೇಟಿನ ಬಗ್ಗೆ ನನ್ನಷ್ಟು ಕೇಳಿದ ಮನುಷ್ಯ ಈ ತಾಲೂಕಿನಲ್ಲಿ ಇನ್ನೊಬ್ಬನಿರಲಾರ.

ಆದರೆ ತಡೆಯುವುದು ಹೇಗೆ ಎಂದು ನನಗೆ ನಿಜವಾಗಿ ಕಲಿಸಿದವನು, ತಮಾಷೆ ನೋಡಿ, ಸಾಯುವವರೆಗೂ ಕುಡಿದ ನನ್ನ ಚಿಕ್ಕಪ್ಪ. ಈ ಲೋಟ ಅವನದು.

ಅವನು ಎಡಕುಮೇರಿಯಲ್ಲಿ ರೈಲ್ವೆ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿದ್ದ. ಅಲ್ಲಿಗೆ ಬಸ್ಸಿಲ್ಲ, ಸಕಲೇಶಪುರದಲ್ಲಿ ರೈಲು ಹತ್ತಿ ಘಾಟಿ ಇಳಿಯಬೇಕು. ಸುತ್ತ ಕಾಡು, ಒಂದು ಪುಟ್ಟ ಸ್ಟೇಷನ್, ಕೆಲವು ಕ್ವಾರ್ಟರ್ಸು. ಬೇಸಿಗೆ ರಜೆಯಲ್ಲಿ ನಾನು ಅಲ್ಲಿಗೆ ಹೋಗುತ್ತಿದ್ದೆ. ಚಿಕ್ಕಪ್ಪ ಹಗಲು ಮಾತೇ ಆಡುತ್ತಿರಲಿಲ್ಲ. ಹೂಂ, ಊಹೂಂ, ಮುಗಿಯಿತು. ಸಂಜೆ ಕೈಕಾಲು ತೊಳೆದು ಬಾಗಿಲ ಪಕ್ಕ ಗೋಡೆಗೆ ಒರಗಿ ಕೂತು ಈ ಲೋಟದಲ್ಲಿ ಬ್ರಾಂದಿ ಕುಡಿದ ಮೇಲೆ ಬಾಯಿ ಬಿಡುತ್ತಿದ್ದ. ಹಳಿ ದಾಟಿದ ಆನೆ, ಸುರಂಗದಲ್ಲಿ ಮಲಗಿದ್ದ ಹುಚ್ಚ, ಮದುವೆಯಾದ ಹೊಸತರಲ್ಲಿ ಚಿಕ್ಕಮ್ಮ ಅಲ್ಲಿಗೆ ಬಂದು ಮೂರು ಹೊತ್ತೂ ಅತ್ತದ್ದು, ಏನೆಲ್ಲ ಹೇಳುತ್ತಿದ್ದ. ಕುಡಿದು ಬಯ್ದವನಲ್ಲ, ಬಡಿದವನಲ್ಲ. ಲೋಟ ಖಾಲಿಯಾದರೆ ಬೇಕು ಎನ್ನುತ್ತಲೂ ಇರಲಿಲ್ಲ, ಸುಮ್ಮನೆ ಮುಂದೆ ತಳ್ಳುತ್ತಿದ್ದ. “ಇನ್ನೊಸಿ ಹಾಕ್ಲಾ?” ಎಂದು ಚಿಕ್ಕಮ್ಮನೇ ಕೇಳಿ ಹಾಕುತ್ತಿದ್ದಳು. ಹಾಕಿದರೆ ಗಂಡ ಇನ್ನಷ್ಟು ಹೊತ್ತು ಮಾತಾಡುತ್ತಾನೆ ಎಂಬ ಆಸೆ ಅವಳಿಗೆ. ಇದು ನನಗೆ ಅರ್ಥವಾಗುವ ಹೊತ್ತಿಗೆ ಚಿಕ್ಕಪ್ಪನ ಹೊಟ್ಟೆಯಲ್ಲಿ ನೀರು ತುಂಬಿತ್ತು.

ಒಂದು ದಿನ ಅವನ ಬುತ್ತಿ ಕೊಡಲು ಹೋದ ನಾನು ಅವನ ಹಿಂದೆ ಸುರಂಗದೊಳಗೆ ಹೊಕ್ಕೆ. ನಡುವಿಗೆ ಬಂದಾಗ ಗೂಡ್ಸ್ ರೈಲಿನ ಸದ್ದು. ನನ್ನ ಕಾಲು ಆಗಲೇ ಓಟ ಕಿತ್ತಿತ್ತು. ಚಿಕ್ಕಪ್ಪ ಅಂಗಿ ಹಿಡಿದು ಎಳೆದ. ಸುರಂಗದ ಗೋಡೆಯಲ್ಲಿ ಅಲ್ಲಲ್ಲಿ ಆಳು ನಿಲ್ಲುವಷ್ಟು ಗೂಡು ಬಿಟ್ಟಿರುತ್ತಾರೆ. ರೈಲು ಬಂದರೆ ಗ್ಯಾಂಗ್‌ಮನ್‌ಗಳು ಅದರೊಳಗೆ ಸರಿದುಕೊಳ್ಳಬೇಕು. ನನ್ನನ್ನು ಅದರೊಳಗೆ ಒತ್ತಿ ತಾನೂ ಅಂಟಿಕೊಂಡು ನಿಂತ. “ಬೆನ್ನು ಗೋಡೆಗೆ ಹಚ್ಚು. ಓಡಬ್ಯಾಡ. ಅದೇನು ನಿನ್ನ ಹುಡುಕ್ಕಂಡು ಬಂದಿಲ್ಲ ಕಣ್ಲಾ. ಅದರ ಪಾಡಿಗೆ ಅದು ಹೋಯ್ತದೆ.” ಕುಡಿಯದೆ ಚಿಕ್ಕಪ್ಪ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಕಬ್ಬಿಣ, ಬಿಸಿಗಾಳಿ, ಧೂಳು ಮುಖದ ಮುಂದೆಯೇ ಹರಿದು ಹೋಯಿತು. ಈ ರೈಲಿಗೆ ಕೊನೆಯೇ ಇಲ್ಲ ಎಂದುಕೊಂಡೆ. ಕೊನೆಯ ಡಬ್ಬಿ ದಾಟಿದ ಮೇಲೆ ಸುರಂಗದ ಬಾಯಿಯ ಬೆಳಕು ಮತ್ತೆ ಕಂಡಿತು, ಚಿಕ್ಕಪ್ಪ ಬೀಡಿ ಹಚ್ಚಿದ.

ಚಿಕ್ಕಪ್ಪನಿಗೆ ಮಕ್ಕಳಿಲ್ಲ. ಅವನು ಹೋದ ಮೇಲೆ ಚಿಕ್ಕಮ್ಮ ಪಾಳ್ಯದ ನಮ್ಮ ಮನೆಯಲ್ಲೇ ಇದ್ದಾಳೆ. ಹಿರಿಯರ ಹಬ್ಬಕ್ಕೆ ಅವನಿಗೆ ಎಡೆ ಇಡುವ ಕೆಲಸ ನನ್ನದು. ನಮ್ಮ ಕಡೆ ಗೊತ್ತಲ್ಲ, ಸತ್ತವರು ಬದುಕಿದ್ದಾಗ ಇಷ್ಟಪಟ್ಟದ್ದನ್ನೆಲ್ಲ ಬಾಳೆ ಎಲೆಯ ಮುಂದೆ ಇಡಬೇಕು. ಕೋಳಿ ಸಾರು, ಮುದ್ದೆ, ಕಜ್ಜಾಯ, ಹೊಸ ಪಂಚೆ, ಬೀಡಿ ಕಟ್ಟು. ಕುಡಿಯುತ್ತಿದ್ದವರಿಗೆ ಅದೂ. ಇಟ್ಟು, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡು ಕಾಯಬೇಕು. ಒಳಗೆ ಹಿರಿಯರು ಬಂದು ಉಣ್ಣುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಎಡೆ ಇಟ್ಟವನು ಕೆಮ್ಮಿ, ಬಾಗಿಲು ತಟ್ಟಿ, ಒಬ್ಬನೇ ಒಳಗೆ ಹೋಗಿ ಕೈಮುಗಿದು, ಎಲೆಯಿಂದ ಒಂದು ತುಣುಕು ಬಾಯಿಗೆ ಹಾಕಿಕೊಂಡು, ಆಮೇಲೆ ಉಳಿದವರನ್ನು ಕರೆಯಬೇಕು.

ನಾನು ಹಾಸನದಿಂದ ಆಗಷ್ಟೇ ಬಂದಿದ್ದ ವರ್ಷ, ಯಾರೂ ಹೇಳದೆಯೇ ಚಿಕ್ಕಮ್ಮ ಈ ಲೋಟದಲ್ಲಿ ಬ್ರಾಂದಿಯ ಬದಲು ಕರಿ ಕಾಫಿ ತುಂಬಿ ಇಟ್ಟಳು. ಮಾರನೇ ದಿನ ಬೆಳಿಗ್ಗೆ ಒಲೆಯ ಮುಂದೆ ಕೂತು ಭಾಗ್ಯಳಿಗೆ ತನ್ನ ಕನಸು ಹೇಳಿದಳಂತೆ. ಚಿಕ್ಕಪ್ಪ ಹೆಗಲಿಗೆ ಚೀಲ ಹಾಕಿಕೊಂಡು ಹೊಸ್ತಿಲಾಚೆ ನಿಂತಿದ್ದನಂತೆ. ಒಳಗೆ ಬರಲಿಲ್ಲವಂತೆ. “ಒಂದ್ ಮಾತೂ ಆಡ್ಲಿಲ್ಲ ಕಣವ್ವ” ಎಂದಳಂತೆ. ಅದನ್ನು ಆಮೇಲೆ ಅವಳು ಎತ್ತಲಿಲ್ಲ. ಆದರೆ ಈ ವರ್ಷ ಹಬ್ಬ ಹತ್ತಿರ ಬಂದಾಗ ಲೋಟ ತಿಕ್ಕುತ್ತಾ, ಕಾಫಿಯನ್ನೇ ಇಡೋಣ ಎಂದು ತಾನಾಗಿಯೇ ಎರಡು ಮೂರು ಸಲ ಹೇಳಿದಳು. ಯಾರೂ ಕೇಳದಿದ್ದಾಗ ಅಷ್ಟು ಸಲ ಹೇಳಿದ್ದು ನನಗೆ ಚುಚ್ಚಿತು. ಬೇಕಾದದ್ದು ಸಿಗದೆ ಸಂಜೆ ಕಳೆಯುವುದು ಏನೆಂದು ನನಗೆ ಗೊತ್ತಿಲ್ಲವೇ?

ಬ್ರಾಂದಿಯೇ ಇಡೋಣ ಎಂದೆ. ಭಾಗ್ಯ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟಳು. “ನಿಮ್ಮನ್ನ ನಂಬ್ದೆ ಹೇಳ್ತಿಲ್ಲ ಕಣ್ರೀ, ಅದನ್ನ ನಂಬಲ್ಲ ನಾನು” ಎಂದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಮತ್ತೆ ಶುರುವಾದರೆ ಇನ್ನೊಂದು ಸಲ ಹಾಸನಕ್ಕೆ ಕರೆದುಕೊಂಡು ಹೋಗುವ ಶಕ್ತಿ ತನಗಿಲ್ಲ ಎಂದು ಮೊದಲೇ ಹೇಳಿದ್ದಳು. ಕೊನೆಗೆ ಒಪ್ಪಿದ್ದು ಚಿಕ್ಕಮ್ಮನ ಮುಖ ನೋಡಿ.

ತರುವವರು ಯಾರು? ವೈನ್ ಶಾಪಿನ ಮುಂದೆ ಹಾಯುವ ರಸ್ತೆಯನ್ನೇ ನಾನು ಬಿಟ್ಟಿದ್ದೇನೆ. ಕಳಿಸೋಣವೆಂದರೆ ನನಗೆ ಗೊತ್ತಿದ್ದವರೆಲ್ಲ ಒಂದು ಕಾಲದಲ್ಲಿ ನನ್ನ ಜೊತೆ ಕೂತವರೇ. ಅವರನ್ನು ಕಳಿಸಿದರೆ ಬಾಟಲಿಯ ಜೊತೆ ಅವರೂ ಬರುತ್ತಾರೆ. ವೈನ್ ಶಾಪಿನೊಳಗೆ ಹೋಗಿ ಹೋದ ಹಾಗೆಯೇ ಹೊರಗೆ ಬರಬಲ್ಲ ಮನುಷ್ಯ ಎಂದರೆ ರಫೀಕ್ ಒಬ್ಬನೇ. ನಾನು ಕೇಳಿದಾಗ ಅವನು ತೋಬಾ ತೋಬಾ ಎಂದು ಕೆನ್ನೆ ಮುಟ್ಟಿಕೊಂಡ. ಚಿಕ್ಕಮ್ಮನ ಕನಸಿನ ವಿಷಯ ಹೇಳಿದೆ. ಸಂಜೆ ಯಾರಿಂದಲೋ ಹೆಲ್ಮೆಟ್ ಕೇಳಿ ತಂದು ಹಾಕಿಕೊಂಡು, ಗುರುತು ಸಿಗಬಾರದೆಂದು ಗಾಜನ್ನೂ ಇಳಿಸಿಕೊಂಡು ವೈನ್ ಶಾಪಿಗೆ ಹೋದ. ಹೋದದ್ದು ಮಾತ್ರ ತನ್ನ ಆಟೋದಲ್ಲಿ, ಹಿಂದೆ ದೊಡ್ಡ ಅಕ್ಷರದಲ್ಲಿ ಅವನ ಹೆಸರೇ ಬರೆಸಿರುವ ಆಟೋದಲ್ಲಿ.

ಅವನು ತಂದದ್ದನ್ನು ನನ್ನ ಕೈಗೆ ಕೊಡಲಿಲ್ಲ. ಗೋಣಿಚೀಲದಲ್ಲಿ ಸುತ್ತಿ ಸೀಟಿನಡಿ ಇಟ್ಟುಕೊಂಡು ಪಾಳ್ಯದವರೆಗೂ ಓಡಿಸಿಕೊಂಡು ಬಂದು ಚಿಕ್ಕಮ್ಮನ ಕೈಗೇ ಕೊಟ್ಟ. ಬಿಚ್ಚಿದರೆ ಫುಲ್ ಬಾಟಲಿ. ಭಾಗ್ಯ ನನ್ನ ಮುಖ ನೋಡಿದಳು, ನಾನು ರಫೀಕನ ಮುಖ ನೋಡಿದೆ. “ಒಂದ್ ಬಾಟ್ಲಿ ಅಂದೆ, ಕೊಟ್ರು. ಅದ್ರಲ್ಲಿ ಕ್ವಾಟ್ರು ಅಂತ ಚಿಕ್ಕದು ಬೇರೆ ಐತೆ ಅಂತ ನಂಗೇನ್ ಗೊತ್ತು ಮಾರಾಯ?” ಎಂದ. ನಗುವಂತಿತ್ತು, ಆದರೆ ನನಗೆ ನಗು ಬರಲಿಲ್ಲ. ಅಷ್ಟು ದೊಡ್ಡ ಬಾಟಲಿ ಒಂದೇ ಸೂರಿನ ಕೆಳಗೆ ನನ್ನ ಜೊತೆ ಇದ್ದು ಬಹಳ ದಿನವಾಗಿತ್ತು. ಹಜಾರಕ್ಕೆ ಯಾರೋ ತುಂಬ ಬೇಕಾದವರು ಬಂದು ಕೂತಿದ್ದಾರೆ, ನಾನು ಮಾತಾಡಿಸದೆ ಓಡಾಡುತ್ತಿದ್ದೇನೆ ಎನ್ನಿಸುತ್ತಿತ್ತು.

ಹಬ್ಬದ ದಿನ ಮುಸ್ಸಂಜೆ ಎಡೆ ಇಟ್ಟೆವು. ಬಾಟಲಿ ತೆರೆಯಬೇಕಾದವನು ನಾನೇ. ಮುಚ್ಚಳ ತಿರುವಿದೆ. ಆ ಸದ್ದು. ಮುಖ ಆಚೆ ತಿರುಗಿಸಿಕೊಂಡೆ. ಲೋಟಕ್ಕೆ ಸುರಿಯುತ್ತಿದ್ದಂತೆ ಭಾಗ್ಯ ಬಾಟಲಿಯನ್ನು ಕಿತ್ತುಕೊಂಡು ಹೊರಗೆ ಹೋದಳು. ಬಾಗಿಲು ಎಳೆದುಕೊಂಡು ಎಲ್ಲರೂ ಜಗಲಿಯಲ್ಲಿ ಕೂತೆವು. ಸಾಂಬ್ರಾಣಿಯ ಜೊತೆಗೆ ಬಾಗಿಲ ಸಂದಿಯಿಂದ ಇನ್ನೊಂದು ವಾಸನೆಯೂ ಹೊರಗೆ ಬರುತ್ತಿತ್ತು. ಮನಸ್ಸಿನಲ್ಲಿ ನಾನು ಆಗಲೇ ಆ ಲೋಟವನ್ನು ಎಷ್ಟು ಸಲ ಖಾಲಿ ಮಾಡಿದ್ದೆನೋ. ಹೊತ್ತಾಯ್ತಲ್ಲ ಎಂದಳು ಚಿಕ್ಕಮ್ಮ. ಎದ್ದು, ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋದೆ.

ದೀಪ, ಎಲೆ, ನೀಲಿ ಅಂಗಿಯ ಚಿಕ್ಕಪ್ಪನ ಫೋಟೋ, ಲೋಟ. ಹೊರಗಿನವರಿಗೆ ನಾನು ಕಾಣುವುದಿಲ್ಲ. ಒಂದು ಗುಟುಕು, ಅದೂ ಪ್ರಸಾದವೇ ತಾನೆ, ಎಡೆ ಇಟ್ಟವನು ಬಾಯಿಗೆ ಹಾಕಿಕೊಳ್ಳಬೇಕಾದದ್ದೇ ತಾನೆ. ಲಾಯರಿಗಿಂತ ಚೆನ್ನಾಗಿ ನನ್ನ ನಾಲಿಗೆ ವಾದ ಮಾಡಿತು. ಎಷ್ಟು ಬೇಕೆನ್ನಿಸಿತೆಂದರೆ ಕಣ್ಣಲ್ಲಿ ನೀರು ಬಂತು. ನಾನು ಹಿಂದೆ ಸರಿದು ಬೆನ್ನನ್ನು ಗೋಡೆಗೆ ಹಚ್ಚಿ ನಿಂತೆ. ಗೋಡೆ ತಣ್ಣಗಿತ್ತು. ಚಿಕ್ಕಪ್ಪ, ಇದು ನಿನ್ನದು, ನೀನು ಕುಡಿ ಎಂದು ಮೆಲ್ಲಗೆ ಹೇಳಿದೆ. ಅವನು ಇದ್ದಿದ್ದರೆ ಎಂದು ಆ ಹೊತ್ತು ಅನ್ನಿಸಿದಷ್ಟು ಎಂದೂ ಅನ್ನಿಸಿರಲಿಲ್ಲ. ಆ ಆಸೆ ಬಂತು, ನಿಧಾನವಾಗಿ, ಎಲ್ಲ ಡಬ್ಬಿಗಳನ್ನೂ ಎಳೆದುಕೊಂಡು ಮುಖದ ಮುಂದೆಯೇ ಹೋಯಿತು. ಕಜ್ಜಾಯದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಎಲ್ಲರನ್ನೂ ಕರೆದೆ.

ಚಿಕ್ಕಮ್ಮ ನೇರ ಲೋಟದ ಹತ್ತಿರ ಹೋದಳು. ದೀಪದ ಕಡೆ ವಾಲಿಸಿ ನೋಡಿದಳು.

“ಒಸಿ ಕಮ್ಮಿ ಆಗೈತೆ” ಎಂದಳು.

ಭಾಗ್ಯಳ ಮುಖದ ರಕ್ತವೆಲ್ಲ ಇಂಗಿದಂತಾಯಿತು. ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಏನು ಹೇಳಿದ್ದರೂ ಅದು ಹಿಂದೆ ನೂರು ಸಲ ಹೇಳಿದ ಮಾತೇ ಆಗಿರುತ್ತಿತ್ತು. ಚಿಕ್ಕಮ್ಮ ನನ್ನ ಎದೆಯೆತ್ತರದ ಹೆಂಗಸು. ಹತ್ತಿರ ಬಂದು ಅಂಗಿಯ ಕಾಲರು ಹಿಡಿದು ಬಗ್ಗಿಸಿಕೊಂಡಳು.

“ಬಾಯಿ ಬುಡು, ಮಗ.”

ಬಿಟ್ಟೆ. ಮೂಸಿದಳು. ಸಾಲದೆಂದು ಇನ್ನೊಂದು ಸಲ ಮೂಸಿದಳು. ಬೆಲ್ಲ, ತುಪ್ಪ, ಎಳ್ಳು, ಅಷ್ಟೇ ಇದ್ದಿರಬೇಕು. ಕಾಲರು ಬಿಟ್ಟು ನನ್ನ ಎರಡೂ ಕೆನ್ನೆ ಹಿಡಿದುಕೊಂಡಳು.

“ಹಂಗಾದ್ರೆ ಅವ್ರೇ ಬಂದಿದ್ರು.”

ಎಡೆಯ ಮುಂದೆ ಕಾಲು ಮಡಿಸಿ ಕೂತಳು. ಹಸು ಕರು ಹಾಕಿದ್ದು, ತನ್ನ ಮಂಡಿನೋವು, ನಾನು ದಪ್ಪಗಾಗಿದ್ದು, ಸಾಬರ ಹುಡುಗ ತಲೆಗೆ ಡಬ್ಬ ಹಾಕಿಕೊಂಡು ಹೋಗಿ ಬ್ರಾಂದಿ ತಂದದ್ದು, ಎಲ್ಲವನ್ನೂ ಒಂದೊಂದಾಗಿ, ಕಣ್ಣೊರೆಸಿಕೊಳ್ಳುತ್ತಾ, ಫೋಟೋಕ್ಕೆ ಹೇಳತೊಡಗಿದಳು. ಲೋಟದಲ್ಲಿ ನಿಜವಾಗಿ ಕಡಿಮೆಯಾಗಿತ್ತೇ ಎಂದು ನೀವು ಕೇಳುತ್ತೀರಿ. ಮುಖ ತಿರುಗಿಸಿಕೊಂಡು ಎಷ್ಟು ಸುರಿದಿದ್ದೆನೋ ನನಗೇ ಗೊತ್ತಿಲ್ಲ, ಆಮೇಲೆ ಅದರೊಳಗೆ ಇಣುಕುವ ಧೈರ್ಯವೂ ಇರಲಿಲ್ಲ. ಇಷ್ಟು ಮಾತ್ರ ಗೊತ್ತು: ನನ್ನ ಬಾಯಿ ಮೂಸಿದವರೆಲ್ಲ ಅತ್ತಿದ್ದರು, ಸಂತೋಷಕ್ಕೆ ಅತ್ತವಳು ಇವಳೊಬ್ಬಳೇ.

ಬಾಟಲಿಯಲ್ಲಿ ಉಳಿದದ್ದನ್ನು ಭಾಗ್ಯ ತಿಪ್ಪೆಗೆ ಸುರಿದಳು. ಗುಳುಗುಳು ಸದ್ದು ಹಿತ್ತಲಿನಿಂದ ಕೇಳುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಬಸ್ಸು ಹತ್ತಿಸಿ ಕಳಿಸಿದವರು ತಿರುವಿನಲ್ಲಿ ಮರೆಯಾಗುವವರೆಗೆ ನಿಲ್ಲುತ್ತೇವಲ್ಲ, ಹಾಗೆ ನಿಂತು ಆ ಸದ್ದು ಮುಗಿಯುವವರೆಗೂ ಕೇಳಿದೆ.

ಮಾರನೇ ದಿನ ಚಿಕ್ಕಮ್ಮ ಲೋಟವನ್ನು ಪ್ರತಿ ವರ್ಷದ ಹಾಗೆ ಟ್ರಂಕಿಗೆ ಸೇರಿಸಲಿಲ್ಲ. ತೊಳೆದು ಅಡಿಗೆಮನೆಯ ಲೋಟಗಳ ಸಾಲಿನಲ್ಲೇ ಕವುಚಿದಳು. ಅಂದಿನಿಂದ ನನ್ನ ಕಾಫಿ ಇದರಲ್ಲೇ.

ಇವತ್ತೂ ಬಸ್ಸಿಳಿದು ಬಂದು ಜಗಲಿಯಲ್ಲಿ ಕೂತೆ. ಲೋಟ ಬಂತು, ಕಾಫಿಗೆ ಮುಂಚೆ ಆ ವಾಸನೆಯೂ ಬಂತು. ಬೆನ್ನನ್ನು ಗೋಡೆಗೆ ಹಚ್ಚಿ ಲೋಟ ಹಿಡಿದುಕೊಂಡು ಕೂತೆ. ಹೋಯಿತು. ಆಮೇಲೆ ಕಾಫಿಯ ವಾಸನೆ ಬಂತು, ಕುಡಿದೆ. ಚಿಕ್ಕಮ್ಮ ಪಾತ್ರೆ ಹಿಡಿದು ಹೊಸ್ತಿಲಲ್ಲೇ ನಿಂತಿದ್ದಳು.

“ಇನ್ನೊಸಿ ಹಾಕ್ಲಾ?”

ಲೋಟವನ್ನು ಮುಂದೆ ತಳ್ಳಿದೆ. ಅವಳು ಹಾಕಿ ಎದುರಿಗೆ ಕೂತಳು. ನಾನು ರಫೀಕನ ಕ್ಲಚ್ ಪ್ಲೇಟಿನ ಕಥೆಯನ್ನು ಮೊದಲಿನಿಂದ ಶುರು ಮಾಡಿದೆ.